ಮೊದಲ ಪೆಡಲ್ ಸ್ಟೀಲ್ ಗಿಟಾರ್‌ಗೆ ಅರ್ಧ ದುಡ್ಡು ಕೂಡಿದೆ: ಸಿಕ್ಕಿದ್ದನ್ನು ಕೊಳ್ಳಲಾ, ಕಾಯಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ಎಂಟು ವರ್ಷದಿಂದ ಆರು ತಂತಿಯ ಗಿಟಾರ್ ನುಡಿಸುತ್ತಿದ್ದೇನೆ. ಪೆಡಲ್ ಸ್ಟೀಲ್‌ನ (ಮೇಜಿನಂತೆ ನಿಲ್ಲಿಸಿ, ತಂತಿಗಳ ಮೇಲೆ ಲೋಹದ ಬಾರ್ ಜಾರಿಸುತ್ತಾ, ಕಾಲಿನ ಪೆಡಲ್, ಮೊಣಕಾಲಿನ ಲಿವರ್ ಒತ್ತಿ ಸ್ವರ ಬದಲಿಸುವ ಗಿಟಾರ್) ಹುಚ್ಚು ಹಿಡಿದು ಎರಡು ವರ್ಷ ಆಯ್ತು. ಹದಿನಾಲ್ಕು ತಿಂಗಳಿಂದ ಸ್ವಲ್ಪ ಸ್ವಲ್ಪ ದುಡ್ಡು ತೆಗೆದಿಡುತ್ತಿದ್ದೇನೆ. ಬೇಕಾದದ್ದರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಸೇರಿದೆ. ಈಗ ಒಬ್ಬರು ಹಳೆಯ ಸ್ಟೂಡೆಂಟ್ ಮಾಡೆಲ್ ಒಂದನ್ನು ಮಾರುತ್ತಿದ್ದಾರೆ. ಹತ್ತು ತಂತಿ, ಮೂರು ಪೆಡಲ್, ಮೊಣಕಾಲಿನ ಲಿವರ್ ಒಂದೇ ಒಂದು. ನನ್ನ ಹತ್ತಿರ ಇರುವ ದುಡ್ಡಿಗೆ ಸರಿಯಾಗಿ ಬರುತ್ತದೆ. ಕೊಂಡುಬಿಡಲಾ? ಇಲ್ಲ, ಇನ್ನೊಂದು ವರ್ಷ ಕಾಯಲಾ? ಕಾದು ಕಾದು ಆಸೆಯೇ ಬತ್ತಿಹೋದರೆ ಅನ್ನುವ ಭಯವೂ ಇದೆ.

ಉತ್ತರ: ಕಾಯಿರಿ. ಕಾರಣ ಹೇಳದೆ ಸುಮ್ನೆ ಕಾಯಿರಿ ಅಂದರೆ ಸಿಟ್ಟು ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ವಾದ್ಯದಲ್ಲಿ ಹೆಚ್ಚಿನವರು ಕಲಿಯುವುದು ಇ-9 ಟ್ಯೂನಿಂಗ್, ಅಂದರೆ ತಂತಿಗಳನ್ನು ಶ್ರುತಿ ಮಾಡುವ ಒಂದು ಕ್ರಮ. ಏನೂ ಒತ್ತದೆ ಮೀಟಿದರೆ ಅದರಲ್ಲಿ ಇ ಮೇಜರ್ ಕಾರ್ಡ್ ಸಿಗುತ್ತದೆ. ಮೂರು ಪೆಡಲ್‌ಗಳಿಗೂ ಎ, ಬಿ, ಸಿ ಅಂತಲೇ ಹೆಸರು, ಅವು ಸ್ವರದ ಹೆಸರಲ್ಲ. ಎ ಪೆಡಲ್ ಒತ್ತಿದರೆ ಬಿ ತಂತಿಗಳು ಸಿ ಶಾರ್ಪ್‌ಗೆ ಏರುತ್ತವೆ. ಬಿ ಪೆಡಲ್ ಒತ್ತಿದರೆ ಜಿ ಶಾರ್ಪ್ ತಂತಿಗಳು ಎ ಸ್ವರಕ್ಕೆ ಏರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ, ಬಾರ್ ಕದಲಿಸದೆಯೇ, ಇ ಹೋಗಿ ಎ ಮೇಜರ್ ಆಗುತ್ತದೆ. ನಿಮಗೆ ಹುಚ್ಚು ಹಿಡಿಸಿದ ಆ ಅಳುವಂಥ ಜಾರು ಇದೆಯಲ್ಲ, ಅದು ಹುಟ್ಟುವುದು ಇಲ್ಲೇ. ಇಷ್ಟು ಯಾವ ಸ್ಟೂಡೆಂಟ್ ಮಾಡೆಲ್‌ನಲ್ಲೂ ಬರುತ್ತದೆ. ಮೊದಲ ಎರಡು ತಿಂಗಳು ನಿಮಗೆ ಯಾವ ಕೊರತೆಯೂ ಕಾಣುವುದಿಲ್ಲ.

ಮೂರನೇ ತಿಂಗಳಿಗೆ ಕಾಣುತ್ತದೆ. ಜಿ ಮೇಜರ್ ಕಾರ್ಡನ್ನೇ ತೆಗೆದುಕೊಳ್ಳಿ. ಬಾರನ್ನು 3ನೇ ಫ್ರೆಟ್ ಮೇಲಿಟ್ಟರೆ ಏನೂ ಒತ್ತದೆ ಜಿ ಸಿಗುತ್ತದೆ. 10ನೇ ಫ್ರೆಟ್‌ನಲ್ಲಿ ಎ ಮತ್ತು ಬಿ ಪೆಡಲ್ ಒತ್ತಿದರೆ ಮತ್ತೆ ಜಿ. ಇವೆರಡರ ನಡುವೆ 6ನೇ ಫ್ರೆಟ್‌ನಲ್ಲಿ ಇನ್ನೊಂದು ಜಿ ಇದೆ. ಅದಕ್ಕೆ ಎ ಪೆಡಲ್ ಜೊತೆಗೆ ಇ ತಂತಿಗಳನ್ನು ಎಫ್‌ಗೆ ಏರಿಸುವ ಲಿವರ್ ಬೇಕು. 3, 6, 10 ಅಂದರೆ ಹತ್ತಿ ಇಳಿಯುವ ಮೂರು ಮೆಟ್ಟಿಲು ಇದ್ದ ಹಾಗೆ. ಒಂದೇ ಲಿವರ್ ಇರುವ ವಾದ್ಯದಲ್ಲಿ ಸಾಮಾನ್ಯವಾಗಿ ಇರುವುದು ಇ ತಂತಿಗಳನ್ನು ಇಳಿಸುವ ಲಿವರ್. ಏರಿಸುವುದು ಇರುವುದಿಲ್ಲ. ನಡುವಿನ ಮೆಟ್ಟಿಲೇ ಮುರಿದುಹೋದ ಏಣಿ ಅದು. ಪಾಠಗಳೆಲ್ಲ ಹೆಚ್ಚಾಗಿ ಮೂರು ಪೆಡಲ್, ನಾಲ್ಕು ಲಿವರ್ ಇದೆ ಅಂದುಕೊಂಡೇ ಬರೆದವು. ಪುಟ ತಿರುಗಿಸಿದಂತೆಲ್ಲ "ಇದು ನನ್ನಲ್ಲಿಲ್ಲ" ಅಂತ ದಾಟಿಕೊಂಡು ಹೋಗಬೇಕಾಗುತ್ತದೆ.

ಮುಂದೆ ಲಿವರ್ ಸೇರಿಸಿಕೊಂಡರಾಯ್ತು ಅಂತ ತುಂಬಾ ಜನ ಹೇಳುತ್ತಾರೆ. ಅಂಥ ವಾದ್ಯಗಳು ನನ್ನ ರಿಪೇರಿ ಮೇಜಿಗೆ ಬಂದಿವೆ. ಒಂದು ಲಿವರ್ ಅಂದರೆ ಒಂದು ಕಡ್ಡಿ ಅಲ್ಲ. ಅಡ್ಡ ಶಾಫ್ಟ್ ಬೇಕು, ಪ್ರತಿ ತಂತಿಗೂ ಎಳೆಯುವ ರಾಡ್ ಬೇಕು, ಆ ರಾಡ್ ಸಿಕ್ಕಿಸಲು ಚೇಂಜರ್‌ನಲ್ಲಿ (ತಂತಿಗಳನ್ನು ಬಿಗಿದು ಸಡಿಲಿಸುವ ಭಾಗ) ಖಾಲಿ ತೂತು ಇರಬೇಕು. ಹಳೆಯ ಸ್ಟೂಡೆಂಟ್ ಮಾಡೆಲ್‌ಗಳಲ್ಲಿ ಕೆಲವದಕ್ಕೆ ಬಿಡಿಭಾಗವೇ ಸಿಗುವುದಿಲ್ಲ. ಸಿಕ್ಕರೂ ಭಾಗದ ಬೆಲೆ, ಕೂಲಿ ಎಲ್ಲ ಸೇರಿ ನೀವು ಉಳಿಸಿದೆ ಅಂದುಕೊಂಡದ್ದು ಅಲ್ಲಿಗೇ ಹೋಗುತ್ತದೆ.

ಇನ್ನು ನಿಮ್ಮ ಲೆಕ್ಕದ ಬಗ್ಗೆ. ನೀವು ಕೂಡಿಡುತ್ತಿರುವ ಮೊತ್ತ ವಾದ್ಯಕ್ಕೆ ಮಾತ್ರವಾ? ಹಾಗಾದರೆ ಗುರಿ ತಪ್ಪಿದೆ. ವಾಲ್ಯೂಮ್ ಪೆಡಲ್ ಇಲ್ಲದೆ ಈ ವಾದ್ಯ ಪೂರ್ತಿ ಆಗುವುದೇ ಇಲ್ಲ. ಎಡಗಾಲು ಪೆಡಲ್‌ಗಳ ಮೇಲೆ, ಬಲಗಾಲು ವಾಲ್ಯೂಮ್ ಮೇಲೆ, ಎರಡೂ ಮೊಣಕಾಲು ಲಿವರ್‌ಗಳ ನಡುವೆ. ಮೀಟಿದ ಸ್ವರ ಸಾಯುತ್ತಾ ಹೋದಂತೆ ಬಲಗಾಲಿನಿಂದ ಮೆಲ್ಲಗೆ ದನಿ ಎತ್ತಬೇಕು. ಆ ಉದ್ದನೆಯ ಎಳೆತ ಬರುವುದು ಹಾಗೆ. ಜೊತೆಗೆ ಬಾರ್, ಮೀಟಲು ಬೆರಳಿಗೆ ಹಾಕುವ ಉಗುರುಗಳು, ಕೈಯಿಲ್ಲದ ಗಟ್ಟಿ ಆಸನ, ಎರಡು ಸೆಟ್ ತಂತಿ, ಕೇಬಲ್. ಆಂಪ್ಲಿಫೈಯರ್ ಈಗಾಗಲೇ ಇದ್ದರೆ ಸದ್ಯಕ್ಕೆ ಅದೇ ಸಾಕು, ದನಿ ಒಡೆಯದೆ ಶುಭ್ರವಾಗಿ ಕೇಳಿದರೆ ಆಯ್ತು. ನಾನಾದರೆ ನೂರು ಪಾಲು ಮಾಡಿ ಎಂಬತ್ತು ವಾದ್ಯಕ್ಕೆ, ಇಪ್ಪತ್ತು ಇವಕ್ಕೆಲ್ಲ ಎತ್ತಿಡುತ್ತೇನೆ.

ನನ್ನ ಮೊದಲ ಪೆಡಲ್ ಸ್ಟೀಲನ್ನು ನಾನು ಅವಸರಪಟ್ಟು ಕೊಂಡೆ. ಮಾರಿದವರು ಫೋಟೊ ಮೇಲಿಂದ ಮಾತ್ರ ತೆಗೆದಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ನಾಲ್ಕು ಕಾಲಲ್ಲಿ ಒಂದು ಬೇರೆ ಯಾವುದೋ ವಾದ್ಯದ್ದು, ತಿರುಪು ಕೂಡುತ್ತಿರಲಿಲ್ಲ. ಪೆಡಲ್ ರಾಡ್ ಎರಡು ಇರಲೇ ಇಲ್ಲ. ದುಡ್ಡೆಲ್ಲ ಅದಕ್ಕೇ ಸುರಿದಿದ್ದೆ, ಸರಿ ಮಾಡಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಐದು ತಿಂಗಳು ಅದು ಗೋಡೆಗೆ ಒರಗಿಕೊಂಡೇ ಇತ್ತು. ರಿಪೇರಿ ಕಲಿತದ್ದು ಆ ಹೊಟ್ಟೆಯುರಿಯಲ್ಲೇ, ಬಿಡಿ.

ಇನ್ನೊಬ್ಬ ಸದಸ್ಯರು: ಮೇಡಂ, ನಾನು ಒಪ್ಪುವುದಿಲ್ಲ, ಕ್ಷಮಿಸಿ. ಒಂದು ಲಿವರ್‌ನ ವಾದ್ಯದಲ್ಲೇ ನಾಲ್ಕು ವರ್ಷ ನುಡಿಸಿದೆ. 1954ರಲ್ಲಿ ಅಮೆರಿಕದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಪೆಡಲ್ ಒತ್ತಿ ಸ್ವರ ಜಾರಿಸಿ ಎಲ್ಲರ ತಲೆ ಕೆಡಿಸಿದಾಗ ಅವರ ಹತ್ತಿರ ನಾಲ್ಕು ಲಿವರ್ ಇತ್ತಾ? ಕೈಗೆ ಬಂದ ವಾದ್ಯ ಬಿಟ್ಟು ಕಾಯುತ್ತಾ ಕೂತರೆ ವಯಸ್ಸಾಗುತ್ತದೆ, ಅಷ್ಟೇ.

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಆ ಹಾಡು ಕೇಳಿದ ಸ್ಟೀಲ್ ವಾದಕರೆಲ್ಲ ಪೆಡಲ್ ಹುಡುಕಿಕೊಂಡು ಓಡಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಐಸಾಕ್ಸ್ ಒಂದೇ ಪೆಡಲ್‌ನಲ್ಲಿ ಮಾಡುತ್ತಿದ್ದದ್ದನ್ನು ಬಡ್ಡಿ ಎಮನ್ಸ್, ಜಿಮ್ಮಿ ಡೇ ಅಂಥವರು ಎರಡು ಪೆಡಲ್‌ಗೆ ಒಡೆದರು. ಒಂದು ತಂತಿ ಏರುವಾಗ ಇನ್ನೊಂದು ಸುಮ್ಮನಿರಬೇಕು ಅಂತ ಅವರಿಗೆ ಬೇಕಿತ್ತು. ಲಿವರ್‌ಗಳು ಸೇರಿದ್ದೂ ಇಂಥದೇ ಹಸಿವಿನಿಂದ. ನೀವು ನಾಲ್ಕು ವರ್ಷ ತಡೆದುಕೊಂಡಿರಿ, ಸರಿ. ಈಗ ಯಾವುದು ನುಡಿಸುತ್ತಿದ್ದೀರಿ?

ಅದೇ ಸದಸ್ಯರು: ಮೂರು ಪೆಡಲ್, ಐದು ಲಿವರ್. ಹಹ್ಹಾ, ಸಿಕ್ಕಿಬಿದ್ದೆ.

ಉತ್ತರ: ಆದರೂ ಒಂದು ಸಂದರ್ಭದಲ್ಲಿ ನಿಮ್ಮ ದಾರಿಯೇ ಸರಿ. ಆ ವಾದ್ಯ ಚೆನ್ನಾಗಿದ್ದು, ಆರು ತಿಂಗಳ ಮೇಲೆ ಕೊಟ್ಟ ಬೆಲೆಗೇ ಮಾರಬಹುದು ಅನ್ನುವ ಹಾಗಿದ್ದರೆ, ಅದನ್ನು ಖರ್ಚು ಅನ್ನಲಾಗದು. ದುಡ್ಡು ಬೇರೆ ರೂಪದಲ್ಲಿ ಕೂತಿರುತ್ತದೆ. ಪ್ರಶ್ನೆ ಕೇಳಿದವರೇ, ಅದರ ಅಡಿಭಾಗದ ವಿಡಿಯೊ ತರಿಸಿಕೊಳ್ಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ.

ಪ್ರಶ್ನೆ: ವಿಡಿಯೊ ಬಂತು ಮೇಡಂ. ಒಂದು ರಾಡ್ ನೇತಾಡುತ್ತಿದೆ, ಎಲ್ಲೆಲ್ಲೂ ಜಿಡ್ಡು. ಅವರನ್ನು ಕೇಳಿದರೆ "ಅದೆಲ್ಲ ಹಾಗೇ ಇರುತ್ತದೆ" ಅಂದರು. ಕಾಯುತ್ತೇನೆ, ತೀರ್ಮಾನ ಆಯ್ತು. ಹಾಗಾದರೆ ಮುಂದೆ ಸೆಕೆಂಡ್ ಹ್ಯಾಂಡ್ ನೋಡುವಾಗ ಏನೇನು ಗಮನಿಸಬೇಕು?

ಉತ್ತರ: ಜಿಡ್ಡು ದೊಡ್ಡ ರೋಗ ಅಲ್ಲ. ಹಳೆಯ ಎಣ್ಣೆ ಗಟ್ಟಿಯಾಗಿ ಚೇಂಜರ್ ಅಂಟಿಕೊಂಡಿದ್ದರೆ ತೊಳೆದು ಸರಿ ಮಾಡಬಹುದು, ಬೆಲೆ ಇಳಿಸಲು ಅದು ನಿಮಗೆ ಒಳ್ಳೆಯ ನೆಪವೂ ಹೌದು. ನೇತಾಡುವ ರಾಡ್‌ನ ಬಗ್ಗೆ "ಹಾಗೇ ಇರುತ್ತದೆ" ಅಂದರಲ್ಲ, ನನಗೆ ಹಿಡಿಸದೇ ಇದ್ದದ್ದು ಆ ಮಾತು.

ಮುಖ್ಯ ಪರೀಕ್ಷೆ ಒಂದೇ. ಟ್ಯೂನರ್ ಹಚ್ಚಿ ತಂತಿ ಮೀಟಿ. ಪೆಡಲ್ ಹತ್ತು ಸಲ ಒತ್ತಿ ಬಿಡಿ. ಮತ್ತೆ ಮೀಟಿ. ತಂತಿ ಮೊದಲಿದ್ದ ಶ್ರುತಿಗೇ ವಾಪಸ್ ಬರಬೇಕು. ಲಿವರ್‌ಗಳಿಗೂ ಹೀಗೇ ಮಾಡಿ. ಸ್ವರ ಇಳಿಸುವ ಲಿವರ್‌ನಲ್ಲಿ ಇನ್ನೂ ಜಾಸ್ತಿ ಹುಷಾರಾಗಿ ನೋಡಿ, ಬಿಟ್ಟ ಮೇಲೆ ಸರಿಯಾಗಿ ಮೇಲೆ ಬರದಿರುವುದು ಅಲ್ಲೇ ಹೆಚ್ಚು. ಇನ್ನೊಂದು ವಿಷಯಕ್ಕೆ ಗಾಬರಿ ಬೀಳಬೇಡಿ: ಪೆಡಲ್ ಒತ್ತಿದಾಗ ಉಳಿದ ತಂತಿಗಳು ಕೂದಲೆಳೆಯಷ್ಟು ಇಳಿಯುತ್ತವೆ. ಎಳೆತಕ್ಕೆ ಮೈ ಸ್ವಲ್ಪ ಬಾಗುವುದರಿಂದ ಹಾಗಾಗುತ್ತದೆ. ಒಳ್ಳೆಯ ವಾದ್ಯಗಳಲ್ಲೂ ಇದ್ದದ್ದೇ.

ನಾಲ್ಕು ಕಾಲು, ಎಲ್ಲ ಪೆಡಲ್ ರಾಡ್, ಪೆಡಲ್ ಪಟ್ಟಿ, ಪೆಟ್ಟಿಗೆ ಎಣಿಸಿ ನೋಡಿ (ಯಾಕೆ ಅಂತ ಮೇಲೆ ಹೇಳಿದ್ದೇನೆ!). ಚೇಂಜರ್ ಆಲ್-ಪುಲ್ ಬಗೆಯದಾ (ಸ್ವರ ಏರಿಸುವುದು, ಇಳಿಸುವುದು ಎರಡನ್ನೂ ರಾಡ್ ಎಳೆದೇ ಮಾಡುವುದು) ಅಂತ ಕೇಳಿ. ರಾಡ್ ಎಳೆಯುವುದೂ ತಳ್ಳುವುದೂ ಇರುವ ಪುಶ್-ಪುಲ್ ವಾದ್ಯಗಳ ನಾದಕ್ಕೆ ಪ್ರಾಣ ಬಿಡುವವರಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಅದನ್ನು ಹೊಂದಿಸುವುದು ಹೊಸಬರ ಕೈಗೆ ಬಗ್ಗುವ ಕೆಲಸ ಅಲ್ಲ. ಆಲ್-ಪುಲ್‌ನಲ್ಲಿ ಮೊದಲು ಬಿರಡೆ ತಿರುಗಿಸಿ ತಂತಿ ಶ್ರುತಿ ಮಾಡಿಕೊಂಡು, ಆಮೇಲೆ ಪೆಡಲ್ ಒತ್ತಿ ಹಿಡಿದು ಬದಿಯಲ್ಲಿರುವ ನೈಲಾನ್ ನಟ್ಟು ತಿರುಗಿಸಿದರೆ ಮುಗಿಯಿತು.

ಆ ಮೇಲೆ ಎಮನ್ಸ್ ಸೆಟಪ್ಪಾ, ಡೇ ಸೆಟಪ್ಪಾ ಅಂತ ಕೇಳುವುದನ್ನು ಮರೆಯಬೇಡಿ. ಪೆಡಲ್‌ಗಳು ಎಡದಿಂದ ಬಲಕ್ಕೆ ಎ, ಬಿ, ಸಿ ಇದ್ದರೆ ಎಮನ್ಸ್. ಸಿ, ಬಿ, ಎ ಇದ್ದರೆ ಡೇ. ಎರಡೂ ಒಳ್ಳೆಯವೇ, ಆದರೆ ಕಾಲಿಗೆ ಒಂದು ರೂಢಿಯಾದ ಮೇಲೆ ಇನ್ನೊಂದಕ್ಕೆ ಹೋಗುವುದು ಎಡಗೈಯಲ್ಲಿ ಬರೆದಂತೆ. ನಿಮ್ಮ ಪಾಠ ಯಾವುದರಲ್ಲಿದೆಯೋ ಅದನ್ನೇ ಹುಡುಕಿ.

ಡಬಲ್ ನೆಕ್ (ಎರಡು ಸಾಲು ತಂತಿ ಇರುವ ವಾದ್ಯ) ಅಗ್ಗಕ್ಕೆ ಸಿಕ್ಕಿತು ಅಂತ ಮನಸ್ಸು ಜಾರಬಹುದು. ಇ-9 ಜೊತೆಗೆ ಸಿ-6 ಅನ್ನುವ ಇನ್ನೊಂದು ಟ್ಯೂನಿಂಗ್ ಕೂಡ ಬರುತ್ತದೆ, ನಿಜ. ಪೆಟ್ಟಿಗೆ ಸಮೇತ ಒಬ್ಬರೇ ಎತ್ತಿ ನೋಡಿ, ಆಮೇಲೆ ಯೋಚನೆ ಮಾಡಿ.

ಮತ್ತೊಬ್ಬ ಸದಸ್ಯೆ: ನಾನೂ ಇದೇ ಆಸೆ ಇಟ್ಟುಕೊಂಡಿರುವವಳು. ಕಂತಿನಲ್ಲಿ ಹೊಸದನ್ನೇ ಕೊಂಡರೆ ಆಗಲ್ವಾ ಮೇಡಂ? ಕಾಯುವ ತಾಪತ್ರಯವೇ ಇಲ್ಲ.

ಉತ್ತರ: ಬಡ್ಡಿ ಕಟ್ಟುವ ದುಡ್ಡಿನಲ್ಲಿ ವಾಲ್ಯೂಮ್ ಪೆಡಲ್ ಬರುತ್ತದೆ. ಅಲ್ಲದೆ ಹೊಸದಕ್ಕೂ ಕಾಯಬೇಕು. ಇವನ್ನು ತಯಾರಿಸುವವರು ಹೆಚ್ಚಾಗಿ ಸಣ್ಣ ಸಣ್ಣ ಕಾರ್ಖಾನೆಯವರು. ಆರ್ಡರ್ ಕೊಟ್ಟ ಮೇಲೆ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಅದನ್ನೇ ನಿಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಮುಂಗಡ ಎಷ್ಟು, ಉಳಿದದ್ದು ಯಾವಾಗ ಅಂತ ಕೇಳಿ. ವಾದ್ಯ ತಯಾರಾದ ಮೇಲೆ ಬಾಕಿ ಕೊಡುವ ಒಪ್ಪಂದ ಆದರೆ, ಅವರು ಕಟ್ಟುತ್ತಿರುವಾಗ ನೀವು ಕೂಡಿಡುತ್ತಾ ಇರಬಹುದು. ಒಪ್ಪಂದ ಬರಹದಲ್ಲಿರಲಿ.

ಪ್ರಶ್ನೆ: ಕೊನೆಯದಾಗಿ ಒಂದು. ಈ ಒಂದು ವರ್ಷ ಏನು ಮಾಡಲಿ? ಸುಮ್ಮನೆ ಕೂತರೆ ಕೂಡಿಟ್ಟ ದುಡ್ಡು ಬೇರೆ ಯಾವುದಕ್ಕೋ ಕರಗುತ್ತದೆ, ನನ್ನ ಸ್ವಭಾವ ನನಗೆ ಗೊತ್ತು.

ಉತ್ತರ: ಮೊದಲು ದುಡ್ಡಿನದು. ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ತಿಂಗಳ ಕೊನೆಗೆ ಉಳಿದದ್ದು ಹಾಕುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಧೂಳು ತಿನ್ನುತ್ತಿರುವ ಎಫೆಕ್ಟ್ ಪೆಡಲ್, ಎರಡನೇ ಗಿಟಾರ್ ಇರಲೇಬೇಕಲ್ವಾ? ಮಾರಿ.

ಇನ್ನು ಕೈ. ಇರುವ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ. ನಟ್ (ಗಿಟಾರ್‌ನ ತಲೆಯ ಹತ್ತಿರ ತಂತಿಗಳು ಕೂರುವ ಪಟ್ಟಿ) ಮೇಲೆ ಕೂರಿಸುವ ಸಣ್ಣ ಲೋಹದ ತುಂಡು ಸಿಗುತ್ತದೆ, ಅದು ತಂತಿಗಳನ್ನು ಫ್ರೆಟ್‌ಗೆ ತಾಗದಂತೆ ಎತ್ತಿ ಹಿಡಿಯುತ್ತದೆ. ದಪ್ಪ ತಂತಿಯಿಂದ ಶುರುಮಾಡಿ ಇ, ಬಿ, ಇ, ಜಿ ಶಾರ್ಪ್, ಬಿ, ಇ ಅಂತ ಶ್ರುತಿ ಮಾಡಿ. ಹತ್ತು ತಂತಿಯ ಬಾರನ್ನೇ ಈಗಲೇ ಕೊಳ್ಳಿ, ಮುಕ್ಕಾಲಿಂಚಿಗಿಂತ ಸ್ವಲ್ಪ ದಪ್ಪ, 7/8 ಇಂಚು. ಆರು ತಂತಿಗೆ ಉದ್ದ ಜಾಸ್ತಿ ಅನ್ನಿಸುತ್ತದೆ. ಇರಲಿ, ಕೈ ಆ ಭಾರಕ್ಕೆ ಒಗ್ಗಲಿ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಉಗುರು, ಎರಡು ಬೆರಳಿಗೆ ಲೋಹದ ಉಗುರು. ಮೊದಲ ವಾರ ತಂತಿಗೆ ಸಿಕ್ಕಿಕೊಂಡು ಪ್ರಾಣ ತಿನ್ನುತ್ತವೆ.

ಕಲಿಯಬೇಕಾದದ್ದು ಎರಡೇ. ಒಂದು, ಬಾರ್ ನಿಲ್ಲುವ ಜಾಗ. ಬೆರಳಲ್ಲಿ ಒತ್ತುವಾಗ ಫ್ರೆಟ್‌ನ ಹಿಂದೆ ಒತ್ತಿದರೂ ಸ್ವರ ಸರಿ ಬರುತ್ತದೆ, ಇಲ್ಲಿ ಹಾಗಿಲ್ಲ. ಬಾರ್ ಗೆರೆಯ ನೇರ ಮೇಲೆಯೇ ಇರಬೇಕು. ಆಮೇಲೆ ಕಣ್ಣು ಮುಚ್ಚಿ ಕಿವಿಯಿಂದಲೇ ಹುಡುಕಬೇಕು. ಎರಡು, ನಿಲ್ಲಿಸುವುದು. ಈ ವಾದ್ಯದಲ್ಲಿ ಮೀಟುವುದಕ್ಕಿಂತ ಮೀಟಿದ್ದನ್ನು ನಿಲ್ಲಿಸುವುದೇ ಕಷ್ಟ. ಬಲಗೈಯ ಅಂಚನ್ನು ತಂತಿಗಳ ಮೇಲೆ ಮೆಲ್ಲಗೆ ತಾಗಿಸಿ ಪ್ರತಿ ಸ್ವರವನ್ನೂ ಕತ್ತರಿಸಿ, ಆಮೇಲೆ ಮುಂದಿನದನ್ನು ಮೀಟಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಆದರೆ ಪೆಡಲ್ ಸ್ಟೀಲ್ ಬಂದ ದಿನ ಕಾಲುಗಳದ್ದೊಂದೇ ಪಾಠ ಉಳಿದಿರುತ್ತದೆ, ಕೈ ಮುಂದಿರುತ್ತದೆ.

ತೊಡೆಯ ಮೇಲಿಟ್ಟು ನುಡಿಸುವ ದುಬಾರಿ ಲ್ಯಾಪ್ ಸ್ಟೀಲ್ ಮಾತ್ರ ಕೊಳ್ಳಬೇಡಿ. "ಅಲ್ಲಿವರೆಗೆ ಇದು ಇರಲಿ" ಅಂತ ಕೊಂಡು ಕೂಡಿಟ್ಟದ್ದರಲ್ಲಿ ಕಾಲು ಭಾಗ ಕಳೆದವರನ್ನು ನೋಡಿದ್ದೇನೆ.

ಪ್ರಶ್ನೆ: ಆಯ್ತು ಮೇಡಂ. ಬಾರ್, ಉಗುರು ಈ ತಿಂಗಳು. ವಾಲ್ಯೂಮ್ ಪೆಡಲ್ ಆಮೇಲೆ. ತಂತಿ ಸೆಟ್ಟೂ ಈಗಲೇ ತೆಗೆದಿಡಲಾ?

ಉತ್ತರ: ಸೆಟ್ ಬೇಡ, ವಾದ್ಯ ಬರಲಿ. ಬಂದ ಮೇಲೆ ಸೆಟ್ ಜೊತೆಗೆ ಮೂರನೇ ತಂತಿಯನ್ನು ಬಿಡಿಯಾಗಿ ನಾಲ್ಕೈದು ತರಿಸಿ. 0.011 ಇಂಚಿನ ಸಣ್ಣ ತಂತಿ ಅದು, ಜಿ ಶಾರ್ಪ್‌ನಷ್ಟು ಮೇಲೆ ಬಿಗಿದಿರುತ್ತದೆ, ಬಿ ಪೆಡಲ್ ಒತ್ತಿದಾಗಲೆಲ್ಲ ಇನ್ನೂ ಎಳೆಸಿಕೊಳ್ಳುತ್ತದೆ. ಮೊದಲು ಹರಿಯುವುದು ಅದೇ.