9ನೇ ಮನೆಯ ಅಂಗಳದ ಸ್ಟೇ ಕಂಬಿ

(ಕೇರಳದಲ್ಲಿ ಕನ್ನಡಿಗರಿರುವ ಒಂದು ಬೀದಿಯವರು ತಮ್ಮ ಗುಂಪಿನಲ್ಲಿ ಮನೆ ನಂಬರ್ ಹಾಕಿ ಬರೆದದ್ದು.)

ಮನೆ 9:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ. ಮೊನ್ನೆ ನಾವು ಮದುವೆಗೆಂದು ಪುತ್ತೂರಿಗೆ ಹೋಗಿದ್ದೆವು. ಎರಡು ದಿನ ಬಿಟ್ಟು ಬಂದು ನೋಡಿದರೆ ನನ್ನ ಮಲ್ಲಿಗೆ ಗಿಡಗಳ ಮಧ್ಯೆ ಗುಂಡಿ ತೋಡಿ ಮುಚ್ಚಿದ್ದಾರೆ. ಮೂರು ಗಿಡ ಬೇರು ಸಮೇತ ಬದಿಗೆ ಬಿದ್ದಿವೆ. ಗುಂಡಿಯಿಂದ ಒಂದು ಕಂಬಿ ಓರೆಯಾಗಿ ಮೂಲೆಯ ಕರೆಂಟ್ ಕಂಬದ ತಲೆಗೆ ಹೋಗಿದೆ. ಅಡುಗೆಮನೆಯಿಂದ ಬಾವಿಕಟ್ಟೆಗೆ ಹೋಗುವ ದಾರಿಗೆ ಸರಿಯಾಗಿ ಅಡ್ಡ. ಅತ್ತೆಗೆ ಮೊದಲೇ ಕಣ್ಣು ಮಂಜು. ನಿನ್ನೆ ಮುಸ್ಸಂಜೆ ಕೊಡಪಾನ ಹಿಡಿದು ಹೋಗುವಾಗ ಕಂಬಿ ಹಣೆಗೆ ಬಡಿಯಿತು. ಆಫೀಸಿಗೆ ಫೋನ್ ಮಾಡಿದರೆ, "ಲೈನಿಗೆ ಬೇಕೇ ಬೇಕು, ಬೇರೆ ಜಾಗ ಇಲ್ಲ" ಅಂದರು. ಗೇಟಿಗೆ ಬೀಗ ಹಾಕಿ ಹೋಗಿದ್ದೆವು. ಹಾಗಾದರೆ ಗೋಡೆ ಹಾರಿಯೇ ಬಂದಿರಬೇಕು, ಅಲ್ವಾ?

ಮನೆ 12:
ಅಕ್ಕ, ನನ್ನ ಹತ್ತಿರ ದೊಡ್ಡ ಕಟಿಂಗ್ ಪ್ಲೇಯರ್ ಉಂಟು. ರಾತ್ರಿ ಬರಲಾ?

ಮನೆ 2:
ತಮಾಷೆಗೂ ಹಾಗೆ ಹೇಳಬೇಡ ಮಾರಾಯ. ಕಂಬ ಹತ್ತುವ ಕೆಲಸ ಮಾಡಿಯೇ ನಾನು ರಿಟೈರ್ ಆದದ್ದು, ಅದಕ್ಕೆ ಹೇಳುತ್ತೇನೆ. ನೇರ ಹೋಗುವ ಲೈನಿನ ಕಂಬಕ್ಕೆ ಎರಡೂ ಕಡೆಯಿಂದ ಸಮ ಎಳೆತ. 9ನೇ ಮನೆ ಮೂಲೆಯಲ್ಲಿ ಈಗ ಲೈನ್ ಹಿಂದಿನ ಹೊಸ ಮನೆಗೆ ತಿರುಗಿದೆ. ತಿರುವಿನ ಕಂಬವನ್ನು ಎರಡು ಕಡೆಯ ತಂತಿಯೂ ಸೇರಿ ಒಳಬದಿಗೆ ಎಳೆಯುತ್ತವೆ. ಅದಕ್ಕೆ ಹೊರಬದಿಯಿಂದ ಹಿಡಿದು ನಿಲ್ಲಿಸುವುದು ಈ ಸ್ಟೇ. ತುಂಡು ಮಾಡಿದರೆ ಕಂಬ ವಾಲುತ್ತದೆ, ತಂತಿ ಜೋಲುತ್ತದೆ. ನಿನ್ನ ಕೈಯ ಕಂಬಿ ಹಾರಿ ಎಲ್ಲಿಗೆ ತಾಗುತ್ತದೋ ದೇವರೇ ಬಲ್ಲ. ಕೆಳಗಿನ ತಿರುಪನ್ನು ಸುಮ್ನೆ ಸಡಿಲ ಮಾಡುವುದೂ ಅಷ್ಟೇ ಅಪಾಯ.

ಮನೆ 12:
ಆಯ್ತು ಮಾವ, ಪ್ಲೇಯರ್ ಒಳಗಿಟ್ಟೆ. ಆದರೆ ಕಂಬದ ಬುಡಕ್ಕೇ ಕಟ್ಟಬಹುದಿತ್ತಲ್ಲ? ಅಷ್ಟು ದೂರ ಅವರ ತೋಟದ ಒಳಗೆ ಯಾಕೆ?

ಮನೆ 2:
ಬುಡಕ್ಕೆ ಹತ್ತಿರ ತಂದಷ್ಟೂ ಕಂಬಿಯ ಮೇಲೆ ಬೀಳುವ ಎಳೆತ ಜಾಸ್ತಿ. ಕಂಬಕ್ಕೂ ಸ್ಟೇಗೂ ನಡುವೆ ಸುಮಾರು 45 ಡಿಗ್ರಿ ಇದ್ದರೆ ಒಳ್ಳೆಯದು. ಹಾಗಾಗಿ ಇಲ್ಲೇ ಬೇಕು ಅಂದದ್ದು ಪೂರ್ತಿ ಸುಳ್ಳಲ್ಲ. ಹೇಳದೆ ಕೇಳದೆ ಬಂದದ್ದು ತಪ್ಪು. ತಂಗೀ, ಒಂದು ಕೇಳುತ್ತೇನೆ. ಕಂಬಿಯ ಮಧ್ಯದಲ್ಲಿ ಎಲ್ಲಾದರೂ ಮೊಟ್ಟೆಯ ಹಾಗೆ ಪಿಂಗಾಣಿ ಉಂಟಾ?

ಮನೆ 9:
ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಬರೀ ಕಂಬಿ. ಮೊಟ್ಟೆ ಇಲ್ಲ.

ಮನೆ 2:
ಹಾಗಾದರೆ ಮಲ್ಲಿಗೆಗಿಂತ ಮೊದಲು ಅದನ್ನು ನೋಡಬೇಕು. ಮೇಲೆ ಲೈನ್ ತಂತಿ ಜಾರಿ ಸ್ಟೇಗೆ ತಾಗಿದರೆ ಕರೆಂಟ್ ಕೆಳಗಿನವರೆಗೆ ಬರುತ್ತದೆ. ಸ್ಟೇಗೆ ಸರಿಯಾಗಿ ಅರ್ತ್ ಮಾಡಿರಬೇಕು. ಇಲ್ಲದಿದ್ದರೆ ನೆಲದಿಂದ ಕಡಿಮೆ ಅಂದರೂ 3 ಮೀಟರ್ ಮೇಲೆ ಇನ್ಸುಲೇಟರ್, ಅಂದರೆ ಕರೆಂಟನ್ನು ಕೆಳಗೆ ಬಿಡದ ಆ ಪಿಂಗಾಣಿ ಮೊಟ್ಟೆ, ಇರಬೇಕು. ಹಳೆಯ 1956ರ ನಿಯಮದಿಂದಲೂ ಇದು ಹೀಗೆಯೇ. ಯಾರೂ ಅದನ್ನು ಮುಟ್ಟಬೇಡಿ, ಬಟ್ಟೆ ಒಣಗಿಸಬೇಡಿ, ದನ ಕಟ್ಟಬೇಡಿ. ಕಿಡಿ ಕಂಡರೆ, ಜುಮ್ ಅಂದರೆ ತಡಮಾಡದೆ 1912ಕ್ಕೆ ಫೋನ್ ಮಾಡಿ.

ಮನೆ 4:
ಮಾವ, ನಮ್ಮ ಸ್ಟೇಯಲ್ಲಿ ಮೊಟ್ಟೆ ಉಂಟು. ಆದರೆ ಅದಕ್ಕೆ ನಾನು ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ. ಹೋದ ವರ್ಷ ಒಳ್ಳೆ ಫಸಲು ಬಂತು.

ಮನೆ 2:
ಬಳ್ಳಿ ಎಲ್ಲಿಯವರೆಗೆ ಹೋಗಿದೆ?

ಮನೆ 4:
ಮೊಟ್ಟೆ ದಾಟಿದೆ.

ಮನೆ 2:
ಹಾಗಾದರೆ ಮೊಟ್ಟೆ ಇದ್ದೂ ಇಲ್ಲದ ಹಾಗೆ! ಆಟಿಯ ಮಳೆಗೆ ಬಳ್ಳಿ ಒದ್ದೆಯಾದರೆ ಕರೆಂಟಿಗೆ ಅದೇ ದಾರಿ. ಬುಡದಲ್ಲಿ ಕಡಿದು ಬಿಡಿ. ಮೇಲಿನದ್ದನ್ನು ಎಳೆಯಬೇಡಿ, ಲೈನ್ ಆಫ್ ಮಾಡಿಸಿ ಅವರಿಂದಲೇ ತೆಗೆಸಿ.

ಮನೆ 4:
ಕೊಯ್ಲು ಆದ ಮೇಲೆ ಕಡಿದರೆ ಆಗುದಿಲ್ವಾ?

ಮನೆ 2:
ಆಗುದಿಲ್ಲ.

ಮನೆ 6 (ಕಾರ್ಯದರ್ಶಿ):
ನಿನ್ನೆಯಿಂದ ಓದುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಬೀದಿ ಪೂರ್ತಿ ನಡೆದು ನೋಡಿದೆ. ನಮ್ಮಲ್ಲಿ ಒಟ್ಟು 6 ಸ್ಟೇ. ಎರಡರಲ್ಲಿ ಇನ್ಸುಲೇಟರ್ ಇಲ್ಲ, ಅಕ್ಕನ ಮನೆಯದ್ದು ಮತ್ತು ಮೋರಿ ಹತ್ತಿರದ್ದು. ಮೋರಿ ಹತ್ತಿರದ್ದರ ರಾಡು ಮಣ್ಣು ಸೇರುವಲ್ಲಿ ತುಕ್ಕು ಹಿಡಿದು ಪೆನ್ಸಿಲಿನಷ್ಟು ಸಪೂರ ಆಗಿದೆ. ಮೇಲೆ ಎಲ್ಲ ಫಳಫಳ, ಹುಲ್ಲು ಸರಿಸಿದರೆ ಮಾತ್ರ ಕಾಣುವುದು. ನಿಮ್ಮ ಮನೆಯದ್ದನ್ನೂ ಒಂದು ಕೋಲಿನಿಂದ ಹುಲ್ಲು ಸರಿಸಿ ನೋಡಿ. ಒಣ ಕೋಲು, ಮತ್ತೆ ಮಾವನ ಹತ್ತಿರ ಬೈಸಿಕೊಳ್ಳಬೇಡಿ.

ನನ್ನ ಅಭಿಪ್ರಾಯ, ಒಂದೇ ಅರ್ಜಿಯಲ್ಲಿ ಎಲ್ಲ ತುಂಬಿಸಬಾರದು. "ಸ್ಟೇ ತೆಗೆಯಿರಿ, ಇನ್ಸುಲೇಟರ್ ಹಾಕಿ, ಮಲ್ಲಿಗೆಗೆ ಪರಿಹಾರ ಕೊಡಿ" ಎಂದು ಬರೆದರೆ ಅವರ ಕಣ್ಣಿಗೆ ಬೀಳುವುದು "ತೆಗೆಯಿರಿ" ಒಂದೇ. ಸ್ಥಳ ಬದಲಾವಣೆ ಅಂದ ಕೂಡಲೇ ಎಸ್ಟಿಮೇಟು, ದುಡ್ಡು ಕಟ್ಟಿ, ಆಮೇಲೆ ನೋಡೋಣ. ಇನ್ಸುಲೇಟರೂ ಅದರ ಜೊತೆ ಮೂಲೆ ಸೇರುತ್ತದೆ. ಅಪಾಯ ಸರಿಪಡಿಸುವುದು ಅವರ ಕೆಲಸ, ಅದಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ. ಅದಕ್ಕೇ ಒಂದು ಅರ್ಜಿ ಸುರಕ್ಷತೆಗೆ ಮಾತ್ರ, ಎರಡು ಸ್ಟೇಗಳ ಫೋಟೋ, ಕಂಬದ ನಂಬರ್ ಸಮೇತ. ಅದರ ಪ್ರತಿ ಜಿಲ್ಲಾ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟಿಗೂ ಹೋಗಲಿ. ಇನ್ನೊಂದು ಅರ್ಜಿ ಅಕ್ಕನ ಹೆಸರಲ್ಲಿ, ಒಪ್ಪಿಗೆ ಇಲ್ಲದೆ ಹಾಕಿದ್ದರ ಬಗ್ಗೆ.

ಮನೆ 9:
ಮಾಷ್ಟ್ರೇ, ಒಪ್ಪಿಗೆ ಕೇಳಲೇಬೇಕು ಅಂತ ಕಾನೂನು ಉಂಟಾ? "ಸರಕಾರಿ ಕೆಲಸ, ಯಾರನ್ನೂ ಕೇಳಬೇಕಾಗಿಲ್ಲ" ಅಂದರಲ್ಲ.

ಮನೆ 6 (ಕಾರ್ಯದರ್ಶಿ):
ಉಂಟು. 2003ರ ವಿದ್ಯುತ್ ಕಾಯ್ದೆಯಡಿ 2006ರಲ್ಲಿ ಕೇಂದ್ರ ಸರಕಾರ 'ವರ್ಕ್ಸ್ ಆಫ್ ಲೈಸೆನ್ಸೀಸ್' ನಿಯಮ ಮಾಡಿದೆ, ಲೈಸೆನ್ಸೀ ಅಂದರೆ ಕರೆಂಟ್ ಕಂಪನಿ. ಅದರಲ್ಲಿ ಕಂಬ, ಸ್ಟೇ, ಸ್ಟ್ರಟ್ (ಒತ್ತು ಕೊಡುವ ಓರೆ ಕಂಬ) ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಜಾಗದವರು ಆಕ್ಷೇಪ ಹೇಳಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ (ಅಂದರೆ ಕಲೆಕ್ಟರ್) ಅಥವಾ ಸರಕಾರ ಗೊತ್ತುಮಾಡಿದ ಅಧಿಕಾರಿಯಿಂದ ಲಿಖಿತ ಅನುಮತಿ ತರಬೇಕು. ಹಾಕಿದ ಮೇಲೂ ಸರಿಯಾದ ಕಾರಣ ತೋರಿಸಿದರೆ ತೆಗೆಸುವ, ಬದಲಿಸುವ ಆದೇಶ ಕೊಡಬಹುದು. ಹಣೆಗೆ ಬಡಿದದ್ದು ಸರಿಯಾದ ಕಾರಣವೇ. ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಆ ಚೀಟಿ ಇಟ್ಟುಕೊಳ್ಳಿ. ನೀವು ಇಷ್ಟರವರೆಗೆ ಲಿಖಿತ ಆಕ್ಷೇಪ ಕೊಟ್ಟಿಲ್ಲ, ಫೋನ್ ಮಾತ್ರ. ಫೋನಿಗೆ ಸಾಕ್ಷಿ ಇಲ್ಲ. ನಾಳೆಯೇ ಕೊಟ್ಟು, ಪ್ರತಿಯಲ್ಲಿ ಸೀಲ್ ಹಾಕಿಸಿಕೊಂಡು ಬನ್ನಿ.

ಮನೆ 7:
ಕನ್ನಡದಲ್ಲಿ ಬರೆಯಬಹುದಾ? ನನ್ನ ಮಲಯಾಳಂ ಬಸ್ಸಿನ ಬೋರ್ಡ್ ಓದುವಷ್ಟು ಮಾತ್ರ.

ಮನೆ 6 (ಕಾರ್ಯದರ್ಶಿ):
ಕಲೆಕ್ಟರೇಟಿಗೆ ಧಾರಾಳ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕರೆಂಟ್ ಕಂಪನಿಗೆ ಮಾತ್ರ ಮಲಯಾಳಂ ಪ್ರತಿಯನ್ನೂ ಪಿನ್ ಮಾಡಿ ಕೊಡೋಣ. ಹಟ ಮಾಡಿದರೆ ಭಾಷೆ ಗೆಲ್ಲಬಹುದು, ಅಕ್ಕನ ಅಂಗಳದ ಕೆಲಸ ಇನ್ನೂ ಮೂರು ತಿಂಗಳು ಹಿಂದೆ ಬೀಳುತ್ತದೆ.

ಮನೆ 11:
ಒಂದು ವಿಷಯ ಈಗಲೇ ಹೇಳಿ ಬಿಡುತ್ತೇನೆ. ಅಕ್ಕನ ಜಾಗದಿಂದ ತೆಗೆದರೆ ಎಲ್ಲಿಗೆ ಹಾಕುತ್ತಾರೆ? ಸ್ಟೇ ಬದಲು ಓರೆ ಕಂಬ ಕೊಟ್ಟರೆ ಅದು ಒಳಬದಿಗೆ, ಅಂದರೆ ನೇರ ನಮ್ಮ ಗೇಟಿಗೆ ಬರುತ್ತದೆ. ನಮಗೆ ಕಾರ್ ತಿರುಗಿಸಲಿಕ್ಕೆ ಇರುವುದೇ ಅಷ್ಟು. ನಾನು ಆ ಅರ್ಜಿಗೆ ಸಹಿ ಹಾಕುವುದಿಲ್ಲ. ಬೇಜಾರು ಮಾಡಬೇಡಿ ಅಕ್ಕ.

ಮನೆ 9:
ನನಗೆ ಬೇಜಾರಿಲ್ಲ ಅಣ್ಣ. ನನ್ನ ತಲೆನೋವನ್ನು ನಿಮ್ಮ ಗೇಟಿಗೆ ಕಟ್ಟುವ ಆಸೆ ನನಗೂ ಇಲ್ಲ.

(ಇಲ್ಲಿ ಅರ್ಧ ದಿನ ಯಾರೂ ಏನೂ ಬರೆಯಲಿಲ್ಲ.)

ಮನೆ 2:
ಮಧ್ಯಾಹ್ನ ಆ ಮೂಲೆಯಲ್ಲಿ ಹೋಗಿ ನಿಂತು ನೋಡಿದೆ. ಕಂಬದಿಂದ ಹೊರಬದಿಗೆ, ಅಕ್ಕನ ಗೋಡೆಯ ಪಕ್ಕದಲ್ಲೇ ಕಾಲುದಾರಿ. ಅದರಾಚೆ ಪಂಚಾಯತಿನ ಚರಂಡಿ ಬದಿಯಲ್ಲಿ ಒಂದು ತುಂಡು ಜಾಗ ಉಂಟು. ಸ್ವಲ್ಪ ಕೋನ ಬದಲಾಗುತ್ತದೆ, ಆದರೂ ಅಲ್ಲಿ ಗಿಡ್ಡ ಕಂಬ ಒಂದು ನೆಟ್ಟು, ತಲೆಯಿಂದ ತಲೆಗೆ ಕಂಬಿ ಎಳೆದು, ಆ ಗಿಡ್ಡ ಕಂಬಕ್ಕೆ ಸ್ಟೇ ಕೊಡಬಹುದು. ಫ್ಲೈಯಿಂಗ್ ಸ್ಟೇ ಅನ್ನುತ್ತಾರೆ. ಕಂಬಿ ತಲೆಯ ಮೇಲೆ ಹೋಗುತ್ತದೆ. ಅಕ್ಕನಿಗೂ ಇಲ್ಲ, 11ಕ್ಕೂ ಇಲ್ಲ. ಆಗುತ್ತದೋ ಇಲ್ಲವೋ ಎಂಜಿನಿಯರ್ ಅಳೆದು ಹೇಳಬೇಕು.

ಮನೆ 11:
ಹಾಗಾದರೆ ಮೊದಲ ಸಹಿ ನನ್ನದು. ಮೆಂಬರ್ ಹತ್ತಿರವೂ ನಾನೇ ಮಾತಾಡುತ್ತೇನೆ. ಪಂಚಾಯತ್ ಜಾಗ ಅಂದರೆ ಅವರದ್ದೊಂದು ಕಾಗದ ಬೇಕಲ್ಲ.

ಮನೆ 6 (ಕಾರ್ಯದರ್ಶಿ):
ಭಾನುವಾರ 10 ಗಂಟೆಗೆ ನಮ್ಮ ಜಗಲಿಯಲ್ಲಿ ಸಹಿ. ಸೆಕ್ಷನ್ ಆಫೀಸು ಕೇಳದಿದ್ದರೆ ಸಬ್ ಡಿವಿಷನ್. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ನಮ್ಮ ಕಡೆಗೆ ಅದು ಕೋಝಿಕ್ಕೋಡಿನಲ್ಲಿ. ಅಷ್ಟು ದೂರ ಹೋಗಬೇಕಾಗದು ಅಂತ ಅನಿಸುತ್ತದೆ.

ಮನೆ 9 (ಹನ್ನೆರಡು ದಿನದ ನಂತರ):
ಇವತ್ತು ಬೆಳಿಗ್ಗೆ ಮೂವರು ಬಂದಿದ್ದರು, ಈ ಸಲ ಗೇಟು ತಟ್ಟಿಯೇ. ಲೈನ್ ಆಫ್ ಮಾಡಿ ಮೊಟ್ಟೆ ಹಾಕಿದರು. ಮೋರಿ ಹತ್ತಿರದ್ದಕ್ಕೆ ಹೊಸ ರಾಡು. ಫ್ಲೈಯಿಂಗ್ ಸ್ಟೇಗೆ ಅಳತೆ ತೆಗೆದುಕೊಂಡು ಹೋದರು, ಎಸ್ಟಿಮೇಟು ಬರಬೇಕಂತೆ. ಒಪ್ಪಿಗೆ ಇಲ್ಲದೆ ಹಾಕಿದ್ದಕ್ಕೆ ಆ ದುಡ್ಡು ನಾವು ಕಟ್ಟುವುದಿಲ್ಲ ಅಂತ ಮಾಷ್ಟ್ರು ಹೇಳಿದ ಹಾಗೆ ಬರೆದುಕೊಟ್ಟೆ. ಅಲ್ಲಿಯವರೆಗೆ ಕಣ್ಣಿಗೆ ಕಾಣಲಿ ಅಂತ ಕಂಬಿಯ ಕೆಳಭಾಗಕ್ಕೆ ಹಳದಿ ಪೈಪ್ ಸಿಕ್ಕಿಸಿದ್ದಾರೆ.

ಮಾವ, ಅತ್ತೆ ಕೇಳುತ್ತಿದ್ದಾರೆ, ಆ ಪೈಪಿಗೆ ಜಾಜಿ ಬಳ್ಳಿ ಹಬ್ಬಿಸಬಹುದಾ ಅಂತ.

ಮನೆ 2:
ನಾನು ಈಗಲೇ ಬರುತ್ತೇನೆ, ಅತ್ತೆಗೆ ಫೋನ್ ಕೊಡು.