ಪೆನ್ಸಿಲ್‌ನಲ್ಲಿ ಬರೆದ ಹೋರಿ, ಆನೆಗಳನ್ನು ಜಲವರ್ಣಕ್ಕೆ ತರುವುದು ಹೇಗೆ?

ಪ್ರಶ್ನೆ (ರೇಖಾಭ್ಯಾಸಿ):

ಎಲ್ಲರಿಗೂ ನಮಸ್ಕಾರ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕುಳಿತು ಬರೆದ ಹಳ್ಳಿಕಾರ್ ಹೋರಿಗಳ ಪೆನ್ಸಿಲ್ ಚಿತ್ರಗಳು ನನ್ನ ಸ್ಕೆಚ್ ಪುಸ್ತಕದಲ್ಲಿ ಸಾಕಷ್ಟಿವೆ. ದುಬಾರೆಯ ಆನೆಗಳ ಕೆಲವು ಚಿತ್ರಗಳೂ ಇವೆ. ಹೆಚ್ಚಿನವು 4ಬಿ ಮತ್ತು 6ಬಿ ಎಂಬ ಮೆತ್ತನೆಯ, ಗಾಢ ಗೆರೆಯ ಪೆನ್ಸಿಲ್‌ಗಳಲ್ಲಿ ಬರೆದವು. ಹಿಣಿಲಿನ ಕೆಳಗಿನ ನೆರಳು, ಗಂಗೆದೊಗಲಿನ ಮಡಿಕೆ, ಕಣ್ಣಿನ ಸುತ್ತಲಿನ ಕಪ್ಪು, ಇವೆಲ್ಲವನ್ನೂ ಒತ್ತಾದ ಗೆರೆಗಳಿಂದಲೇ ತುಂಬಿಸಿದ್ದೇನೆ. ಈಗ ಇವುಗಳನ್ನು ಜಲವರ್ಣದಲ್ಲಿ ಮಾಡಬೇಕೆಂಬ ಆಸೆಯಿದೆ.

ಸ್ಕೆಚ್ಚಿನ ಮೇಲೆಯೇ ನೇರವಾಗಿ ಬಣ್ಣ ಹಚ್ಚಿದರೆ ಪೆನ್ಸಿಲ್‌ನ ಪುಡಿ ನೀರಿನೊಂದಿಗೆ ಹರಡಿ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ ಕೂಡ ಮಸಿಯಾಗುತ್ತದೆ, ಹಾಳೆಯೂ ಸುಕ್ಕುಗಟ್ಟುತ್ತದೆ. ದಪ್ಪ ಕಾಗದಕ್ಕೆ ನಕಲು ಮಾಡಿ ಬಣ್ಣ ಹಚ್ಚಿದರೆ, ಜಾತ್ರೆಯಲ್ಲಿ ಹೋರಿಯ ಎದುರು ಬರೆದಾಗ ಗೆರೆಗೆ ಇದ್ದ ಚೈತನ್ಯ ಹೋಗಿ, ಮಕ್ಕಳ ಪುಸ್ತಕದ ಚಿತ್ರಕ್ಕೆ ಬಣ್ಣ ತುಂಬಿದ ಹಾಗೆ ಕಾಣುತ್ತದೆ. ಮೂಲಚಿತ್ರದ ಮೇಲೆಯೇ ಬಣ್ಣ ಹಚ್ಚುವ ದಾರಿ ಇದೆಯೇ? ಇಲ್ಲವಾದರೆ ವರ್ಗಾಯಿಸುವಾಗ ಎಷ್ಟನ್ನು ಒಯ್ಯಬೇಕು, ಎಷ್ಟನ್ನು ಬಿಡಬೇಕು? ಹಳ್ಳಿಕಾರ್ ದನಗಳ ಬೂದುಬಣ್ಣವನ್ನು ಯಾವ ಬಣ್ಣಗಳಿಂದ ತರಬಹುದು? ಕಪ್ಪಿಗೆ ನೀರು ಬೆರೆಸಿದರೆ ಬರುವ ಬೂದಿಯಲ್ಲಿ ಜೀವವೇ ಇರುವುದಿಲ್ಲ.

ಉತ್ತರ 1 (ಚಿತ್ರಕಲಾ ಶಿಕ್ಷಕ, ತುಮಕೂರು):

ಮೊದಲು ಕಾಗದದ ವಿಷಯ. ಸ್ಕೆಚ್ ಪುಸ್ತಕದ ಹಾಳೆ ಸಾಮಾನ್ಯವಾಗಿ 100ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ್ದಾಗಿದ್ದು, ಪೆನ್ಸಿಲ್, ಇದ್ದಿಲಿನಂಥ ಒಣ ಮಾಧ್ಯಮಗಳಿಗಾಗಿಯೇ ತಯಾರಾಗಿರುತ್ತದೆ. ಅದು ನೀರನ್ನು ಒಮ್ಮೆಲೇ ಹೀರಿಕೊಳ್ಳುವುದರಿಂದ ಬಣ್ಣ ಮೇಲ್ಮೈಯಲ್ಲಿ ನಿಲ್ಲದೆ ಮಂಕಾಗುತ್ತದೆ. 300 ಜಿಎಸ್‌ಎಂನ ಕೋಲ್ಡ್ ಪ್ರೆಸ್ಡ್ ಕಾಗದ (ಮೇಲ್ಮೈ ತುಸು ತರಿಯಾಗಿರುವ ಜಲವರ್ಣದ ಕಾಗದ), ಸಾಧ್ಯವಾದರೆ ಪೂರ್ತಿ ಹತ್ತಿಯದು, ನಿಮ್ಮ ಕೆಲಸಕ್ಕೆ ಸರಿಯಾದುದು. 4ಬಿ, 6ಬಿಗಳಲ್ಲಿ ತುಂಬಿದ ಮೂಲಚಿತ್ರಗಳನ್ನು ಹಾಗೆಯೇ ಕಾಪಾಡಿಕೊಳ್ಳಿ. ಪೆನ್ಸಿಲ್‌ನ ಪುಡಿ ಹರಡದಂತೆ ಹಿಡಿದಿಡುವ ಫಿಕ್ಸೇಟಿವ್ ಎಂಬ ದ್ರವ ಸಿಂಪಡಿಸಿ ಅವುಗಳ ಮೇಲೆ ಬಣ್ಣ ಹಚ್ಚುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಆದರೆ ಫಿಕ್ಸೇಟಿವ್ ಬಿದ್ದ ಕಾಗದದ ಮೇಲೆ ನೀರು ಸಮನಾಗಿ ಹರಡದೆ ಅಲ್ಲಲ್ಲಿ ಹನಿಗಟ್ಟುವುದುಂಟು.

ಇನ್ನು ವರ್ಗಾವಣೆ. ನೀವು ಗೆರೆಗಳಿಂದ ತುಂಬಿದ ನೆರಳು ಪೆನ್ಸಿಲ್‌ಚಿತ್ರದಲ್ಲಿ ಮಾಡಿದ ಕೆಲಸವನ್ನು ಜಲವರ್ಣದಲ್ಲಿ ಬಣ್ಣದ ಪದರಗಳು ಮಾಡಬೇಕು. ಎರಡನ್ನೂ ಒಂದೇ ಹಾಳೆಗೆ ತಂದರೆ ನೆರಳನ್ನು ಎರಡು ಸಲ ಬರೆದಂತಾಗಿ, ಬಣ್ಣಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ನೆರಳಿನ ಗೆರೆಗಳನ್ನು ಪೂರ್ತಿಯಾಗಿ ಬಿಟ್ಟು, ನೆರಳು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗಡಿಯನ್ನು ಮಾತ್ರ ತೆಳುವಾಗಿ ಗುರುತಿಸಿಕೊಳ್ಳಿ. ಅದರೊಂದಿಗೆ ದೇಹದ ಹೊರರೇಖೆ, ಕಣ್ಣು, ಮೂಗಿನ ಹೊಳ್ಳೆ, ಕೊಂಬಿನ ಬುಡ, ಗೊರಸುಗಳ ಸ್ಥಾನ, ಇಷ್ಟು ಸಾಕು.

ಮೂಲಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಈ ಗೆರೆಗಳನ್ನು ತೆಗೆದುಕೊಳ್ಳಿ. ಆ ಹಾಳೆಯ ಹಿಂಬದಿಗೆ ಎಚ್‌ಬಿ ಪೆನ್ಸಿಲ್ ಉಜ್ಜಿ, ಹೆಚ್ಚಿನ ಪುಡಿಯನ್ನು ಬಟ್ಟೆಯಿಂದ ಒರೆಸಿ, ಜಲವರ್ಣದ ಕಾಗದದ ಮೇಲಿಟ್ಟು ಹಗುರವಾಗಿ ತಿದ್ದಿರಿ. ಕಚೇರಿಯಲ್ಲಿ ಬಳಸುವ ಕಾರ್ಬನ್ ಹಾಳೆ ಬೇಡವೇ ಬೇಡ. ಅದರ ಮೇಣದಂಶ ನೀರನ್ನು ತಳ್ಳುತ್ತದೆ, ಗೆರೆಯೂ ಅಳಿಯುವುದಿಲ್ಲ. 2ಎಚ್‌ಗಿಂತ ಗಟ್ಟಿಯಾದ ಪೆನ್ಸಿಲ್‌ನಿಂದ ಒತ್ತಿದರೆ ಕಾಗದದಲ್ಲಿ ತಗ್ಗು ಬಿದ್ದು, ಬಣ್ಣ ಅಲ್ಲಿಯೇ ಇಂಗಿ ಕಪ್ಪುಗೆರೆಯಾಗಿ ನಿಲ್ಲುತ್ತದೆ. ಕೊನೆಯಲ್ಲಿ ಮೆತ್ತನೆಯ ರಬ್ಬರ್ ಒತ್ತಿ ಒತ್ತಿ ಎತ್ತಿ, ಗೆರೆಗಳು ನಿಮಗೆ ಮಾತ್ರ ಕಾಣುವಷ್ಟು ತಿಳಿಯಾಗಿಸಿ. ಈ ಕೆಲಸ ಬಣ್ಣ ಹಚ್ಚುವ ಮೊದಲೇ ಆಗಬೇಕು, ಏಕೆಂದರೆ ಬಣ್ಣದಲ್ಲಿರುವ ಗೋಂದು ಒಣಗಿದ ಮೇಲೆ ಅದರಡಿಯ ಪೆನ್ಸಿಲ್ ಗೆರೆ ಸುಲಭವಾಗಿ ಅಳಿಯುವುದಿಲ್ಲ.

ಬೂದುಬಣ್ಣಕ್ಕೆ ಕಪ್ಪನ್ನು ಮುಟ್ಟಬೇಡಿ. ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು, ಇವೆರಡೇ ಸಾಕು. ನೀಲಿ ಹೆಚ್ಚಾದರೆ ತಣ್ಣನೆಯ ಬೂದು, ಕಂದು ಹೆಚ್ಚಾದರೆ ಬೆಚ್ಚನೆಯ ಬೂದು, ಎರಡನ್ನೂ ಗಟ್ಟಿಯಾಗಿ ಬೆರೆಸಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ. ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸದೆ, ಒದ್ದೆ ಕಾಗದದ ಮೇಲೆಯೇ ಒಂದಕ್ಕೊಂದು ಸೇರುವಂತೆ ಬಿಡಿ. ಹಳ್ಳಿಕಾರ್ ಹೋರಿಗಳ ಮೈ ಬೂದಿಯಾಗಿದ್ದರೂ ಭುಜ ಮತ್ತು ಹಿಂಭಾಗದಲ್ಲಿ ಬಣ್ಣ ಗಾಢವಾಗಿರುತ್ತದೆ. ಅಲ್ಲಿ ಮೊದಲ ಪದರ ಒದ್ದೆಯಿರುವಾಗಲೇ ಗಟ್ಟಿ ಬಣ್ಣ ಬಿಟ್ಟರೆ ಅಂಚಿಲ್ಲದೆ ಹರಡಿಕೊಳ್ಳುತ್ತದೆ. ಜಾತ್ರೆಯ ಬಯಲಿನ ಕೆಂಪುಮಣ್ಣಿನ ಬೆಳಕು ಹೊಟ್ಟೆಯ ಅಡಿಯಲ್ಲಿ ಪ್ರತಿಫಲಿಸುವುದರಿಂದ, ಆ ನೆರಳಿಗೆ ತುಸು ಹೆಚ್ಚು ಬರ್ಂಟ್ ಸಿಯೆನ್ನಾ ಸೇರಿಸಿ ನೋಡಿ. ಹೋರಿ ನೆಲದ ಮೇಲೆ ನಿಂತಿದೆ ಎಂಬ ಭಾವ ಅಲ್ಲಿಂದಲೇ ಹುಟ್ಟುತ್ತದೆ.

ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ ಎಂಬುದನ್ನು ಮರೆಯದೆ, ಬೇಕೆನಿಸಿದ್ದಕ್ಕಿಂತ ತುಸು ಗಾಢವಾಗಿ ಹಚ್ಚಿರಿ. ಬೆನ್ನಿನ ಮೇಲಿನ ಬಿಸಿಲು, ಕೊಂಬಿನ ಹೊಳಪು, ಕಣ್ಣಿನ ಚುಕ್ಕೆ, ಇವೆಲ್ಲ ಕಾಗದದ ಬಿಳುಪೇ ಆಗಿರಲಿ.

ಉತ್ತರ 2 (ಕುಂಚಪ್ರಿಯ):

ಶಿಕ್ಷಕರು ಹೇಳಿದ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ಪೆನ್ಸಿಲ್ ಗೆರೆ ಕಾಣಲೇಬಾರದು ಎಂಬಂತೆ ಅಳಿಸುವುದು ನನಗೆ ಸಮ್ಮತವಲ್ಲ. ಪ್ರಶ್ನೆ ಕೇಳಿದವರು ಕೊರಗುತ್ತಿರುವುದೇ ಗೆರೆಯ ಚೈತನ್ಯ ಹೋಯಿತೆಂದು. ಟ್ರೇಸಿಂಗ್‌ನಲ್ಲಿ ಕೈ ನಿಧಾನವಾಗುತ್ತದೆ, ಗೆರೆ ಎಲ್ಲೆಡೆಯೂ ಒಂದೇ ದಪ್ಪವಾಗುತ್ತದೆ. ಅಳತೆಗೆ ಬೇಕಾದ ನಾಲ್ಕಾರು ಬಿಂದುಗಳನ್ನಷ್ಟೇ ವರ್ಗಾಯಿಸಿ, ಮೂಲಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಹಾಳೆಯ ಮೇಲೆ ಎಚ್‌ಬಿಯಲ್ಲಿ ಮುಕ್ತವಾಗಿ ಕೈಯಾಡಿಸಿ ಮತ್ತೊಮ್ಮೆ ಬರೆಯಿರಿ. ನೆರಳು ತುಂಬದ ಹಗುರ ಗೆರೆ ತೆಳು ಬಣ್ಣದಡಿಯಲ್ಲಿ ಇಣುಕಿದರೆ ಚಿತ್ರಕ್ಕೆ ಶೋಭೆಯೇ ಹೊರತು ಕುಂದಲ್ಲ.

ನಮ್ಮ ಮಿನಿಯೇಚರ್ (ಕಿರಿದಾದ ವರ್ಣಚಿತ್ರ) ಪರಂಪರೆಯಲ್ಲಿ ರೇಖೆಯಿಂದ ಬಣ್ಣಕ್ಕೆ ಹೋಗುವ ಕ್ರಮ ಬಹಳ ಸ್ಪಷ್ಟವಾಗಿತ್ತು. ಮೊದಲು ಕರಡು ರೇಖೆ ಬರೆದು, ಅದರ ಮೇಲೆ ತೆಳುವಾದ ಬಿಳಿ ಲೇಪಿಸಿ, ಮಸುಕಾಗಿ ಕಾಣುವ ಆ ರೇಖೆಯನ್ನು ಮತ್ತೆ ಖಚಿತವಾಗಿ ತಿದ್ದಿ, ನಂತರ ಬಣ್ಣದ ಪದರಗಳನ್ನು ಏರಿಸುತ್ತಿದ್ದರು. ನಡುನಡುವೆ ಚಿತ್ರವನ್ನು ಬೋರಲಾಗಿಟ್ಟು ಹಿಂಬದಿಯಿಂದ ನಯವಾದ ಕಲ್ಲಿನಲ್ಲಿ ಉಜ್ಜುತ್ತಿದ್ದರು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ 1621ರಲ್ಲಿ ಬರೆದ ಜೀಬ್ರಾದ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಒಂದೊಂದು ಪಟ್ಟೆಯೂ ದೇಹದ ಉಬ್ಬುತಗ್ಗುಗಳನ್ನು ಅನುಸರಿಸಿ ಬಾಗುವುದನ್ನು ನೋಡಿದರೆ, ರೇಖೆಯನ್ನು ಎರಡನೆಯ ಸಲ ಬರೆಯುವುದು ಬರಿಯ ನಕಲಲ್ಲ ಎಂಬುದು ತಿಳಿಯುತ್ತದೆ.

ಬಿಳಿಯನ್ನು ಕಾಗದದಲ್ಲೇ ಉಳಿಸಬೇಕೆಂಬ ನಿಯಮವನ್ನೂ ನಾನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಜರ್ಮನಿಯ ಚಿತ್ರಕಾರ ಡ್ಯೂರರ್ 1502ರಲ್ಲಿ ಬರೆದ, ವಿಯೆನ್ನಾದ ಆಲ್ಬರ್ಟೀನಾ ವಸ್ತುಸಂಗ್ರಹಾಲಯದಲ್ಲಿರುವ ಮೊಲದ ಚಿತ್ರದಲ್ಲಿ ತಿಳಿ ಕಂದುಬಣ್ಣದ ಪದರದ ಮೇಲೆ ಗಾಢ ಮತ್ತು ತಿಳಿ ಎಳೆಗಳೆರಡನ್ನೂ ಸಣ್ಣ ಕುಂಚದಿಂದ ಬರೆಯಲಾಗಿದೆ, ಪಾರದರ್ಶಕವಲ್ಲದ ಬಿಳಿಯನ್ನೂ ಬಳಸಲಾಗಿದೆ. ಮೀಸೆ, ಕಿವಿಯೊಳಗಿನ ಕೂದಲಿನಂಥ ಎಳೆಗಳಿಗೆ ಬಿಳಿ ಗೌಶ್ (ಪಾರದರ್ಶಕವಲ್ಲದ ನೀರುಬಣ್ಣ) ಬಳಸಿದರೆ ತಪ್ಪೇನೂ ಇಲ್ಲ. ಬೆನ್ನಿನ ಬಿಸಿಲಿನಂಥ ದೊಡ್ಡ ಜಾಗಕ್ಕೆ ಮಾತ್ರ ಕಾಗದದ ಬಿಳುಪೇ ಮೇಲು. ಗೌಶ್ ಅಲ್ಲಿ ಸುಣ್ಣದ ತೇಪೆಯಾಗಿ ಕಾಣುತ್ತದೆ.

ರೇಖಾಭ್ಯಾಸಿ:

ಇಬ್ಬರಿಗೂ ಕೃತಜ್ಞತೆಗಳು. ಹೋರಿಗಳ ಚಿತ್ರಗಳಿಗೆ ದಾರಿ ಸ್ಪಷ್ಟವಾಯಿತು; ಗೆರೆಯನ್ನು ಎರಡನೆಯ ಸಲ ಕೈಯಾರೆ ಬರೆಯುವ ಕ್ರಮವನ್ನೇ ಅನುಸರಿಸುತ್ತೇನೆ. ಆನೆಯ ಚರ್ಮದ ಸುಕ್ಕುಗಳನ್ನು ಮಾತ್ರ ಹೇಗೆ ತರುವುದೆಂದು ತಿಳಿಯುತ್ತಿಲ್ಲ. ಒಂದೊಂದು ಸುಕ್ಕನ್ನೂ ಬರೆದರೆ ಸೊಂಡಿಲು ಬಲೆ ಹೊದ್ದಂತೆ ಕಾಣುತ್ತದೆ. ಕಿವಿ, ಸೊಂಡಿಲುಗಳ ಮೇಲಿನ ಗುಲಾಬಿ ಮಚ್ಚೆಗಳನ್ನು ಯಾವ ಹಂತದಲ್ಲಿ ಬರೆಯಬೇಕು ಎಂಬುದನ್ನೂ ತಿಳಿಸಿ.

ಉತ್ತರ 3 (ವನ್ಯಚಿತ್ತಾರ, ಮಡಿಕೇರಿ):

ಆನೆಯಲ್ಲಿ ಮೊದಲು ಬರೆಯಬೇಕಾದದ್ದು ಗುಲಾಬಿಯೇ. ಏಷ್ಯಾದ ಆನೆಗಳಿಗೆ ವಯಸ್ಸಾದಂತೆ ಕಿವಿಯ ಅಂಚು, ಸೊಂಡಿಲು ಮತ್ತು ಹಣೆಯ ಚರ್ಮದಲ್ಲಿ ವರ್ಣದ್ರವ್ಯ ಕಡಿಮೆಯಾಗಿ ಆ ಬಣ್ಣ ಕಾಣಿಸಿಕೊಳ್ಳುತ್ತದೆ. ಬರ್ಂಟ್ ಸಿಯೆನ್ನಾಕ್ಕೆ ತುಸು ಕೆಂಪು ಸೇರಿಸಿ, ಬಹಳ ತೆಳುವಾಗಿ ಆ ಭಾಗಗಳಿಗೆ ಹಚ್ಚಿ ಪೂರ್ತಿ ಒಣಗಲು ಬಿಡಿ. ಆಮೇಲೆ ಬೂದುಬಣ್ಣವನ್ನು ಹೊರಗಿನಿಂದ ತರುತ್ತಾ, ಗುಲಾಬಿ ಜಾಗ ಬಂದಂತೆ ಚುಕ್ಕೆ ಚುಕ್ಕೆಯಾಗಿ ಬಿಡಿಸಿರಿ. ಬೂದಿಯ ಮೇಲೆ ಗುಲಾಬಿ ಹಚ್ಚಲು ಹೋದರೆ ಜಲವರ್ಣದಲ್ಲಿ ಅದು ಕಾಣುವುದೇ ಇಲ್ಲ.

ಸುಕ್ಕುಗಳನ್ನು ಬರೆಯುವ ಅರ್ಧ ಕೆಲಸವನ್ನು ಕೋಲ್ಡ್ ಪ್ರೆಸ್ಡ್ ಕಾಗದದ ತರಿಯೇ ಮಾಡಿಕೊಡುತ್ತದೆ. ಮೊದಲ ಪದರ ಒಣಗಿದ ಮೇಲೆ, ಕುಂಚದ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ಗಟ್ಟಿ ಬಣ್ಣದೊಂದಿಗೆ ಕುಂಚವನ್ನು ಬಹುತೇಕ ಮಲಗಿಸಿ ಎಳೆಯಿರಿ. ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ಒರಟು ಚರ್ಮದ ಭಾವ ಬರುತ್ತದೆ. ಖಚಿತವಾದ ಗೆರೆಗಳು ಬೇಕಿರುವುದು ಚರ್ಮ ನಿಜವಾಗಿಯೂ ಮಡಿಚಿಕೊಳ್ಳುವ ಕಡೆ: ಸೊಂಡಿಲು ಬಾಗುವ ಒಳಬದಿ, ಮುಂಗಾಲಿನ ಮಂಡಿ, ಕಣ್ಣಿನ ಸುತ್ತ. ಸೊಂಡಿಲಿನ ಗೆರೆಗಳು ಅದರ ಉರುಟನ್ನು ಬಳಸಿಕೊಂಡು ಬಾಗಬೇಕು, ಬಿಸಿಲು ಬಿದ್ದ ಬದಿಗೆ ಬರುತ್ತಿದ್ದಂತೆ ತುಂಡಾಗಿ ಮಾಯವಾಗಬೇಕು. ಅಡ್ಡಕ್ಕೆ ನೇರವಾಗಿ ಎಳೆದದ್ದರಿಂದಲೇ ನಿಮಗೆ ಅದು ಬಲೆಯಂತೆ ಕಂಡಿರಬೇಕು. ಒಂದು ಭಾಗ ಅರ್ಧ ಒಣಗಿರುವಾಗ ಅಲ್ಲಿಗೆ ನೀರು ತುಂಬಿದ ಕುಂಚ ತಾಗಿಸಬೇಡಿ. ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಉಳಿಯುತ್ತದೆ.

ಕಣ್ಣನ್ನು ಕೊನೆಗೆ ಬಿಡುವ ರೂಢಿ ಹಲವರಿಗಿದೆ. ನನ್ನ ಅಭಿಪ್ರಾಯದಲ್ಲಿ ಗುಲಾಬಿ ಪದರ ಒಣಗಿದ ಕೂಡಲೇ ಕಣ್ಣನ್ನು ಮುಗಿಸಿಬಿಡುವುದು ಒಳ್ಳೆಯದು. ಅಷ್ಟು ದೊಡ್ಡ ತಲೆಯಲ್ಲಿ ಆನೆಯ ಕಣ್ಣು ಬಹಳ ಚಿಕ್ಕದು, ಅದರ ಜಾಗ ಕೂದಲೆಳೆಯಷ್ಟು ತಪ್ಪಿದರೂ ಮುಖಭಾವ ಬೇರೆಯಾಗುತ್ತದೆ. ಅದು ಸರಿಬರದಿದ್ದರೆ ದಿನವಿಡೀ ಸುಕ್ಕು ಬರೆಯುವ ಶ್ರಮವಾದರೂ ಉಳಿಯುತ್ತದೆ. ಪೂರ್ತಿ ಹತ್ತಿಯ ಕಾಗದವಾಗಿದ್ದರೆ ಹಾಳೆ ಮಗುಚಿ ಹಿಂಬದಿಯಲ್ಲಿ ಮತ್ತೆ ಆರಂಭಿಸಬಹುದು.