ಅಪ್ಪನನ್ನು ನ್ಯೂಜಿಲೆಂಡ್ ರಗ್ಬಿ ಪಂದ್ಯಕ್ಕೆ ಕರೆದೊಯ್ಯಲೇ? ನೋಡಿ ಬಂದವರು ಹೇಳಿ

ಕೇಳಿದವರು: ಕಾರ್ಡಿಫ್, ಊರು ಮಂಡ್ಯ

ಎಲ್ಲರಿಗೂ ನಮಸ್ಕಾರ. ಅಪ್ಪ ನವೆಂಬರ್‌ನಲ್ಲಿ ಆರು ವಾರ ನಮ್ಮ ಮನೆಯಲ್ಲಿರಲು ಬರುತ್ತಿದ್ದಾರೆ. ಅರವತ್ತೆಂಟು ವಯಸ್ಸು, ಹಿಂದೊಮ್ಮೆ ತಾಲ್ಲೂಕು ಮಟ್ಟದ ಕಬಡ್ಡಿ ಆಡಿದವರು. ಮೊಬೈಲಿನಲ್ಲಿ ನ್ಯೂಜಿಲೆಂಡಿನವರು ಆಟಕ್ಕೆ ಮೊದಲು ಮಾಡುವ ಯುದ್ಧನೃತ್ಯ ಹಾಕಾ ತೋರಿಸಿದ್ದೇ ತಡ, "ಇವರೂ ತೊಡೆ ತಟ್ಟುತ್ತಾರಲ್ಲೇ!" ಎಂದು ಕುರ್ಚಿಯಿಂದ ಎದ್ದೇ ಬಿಟ್ಟರಂತೆ. ಆ ತಂಡ ಇಲ್ಲಿ ವೇಲ್ಸ್ ಎದುರು ಆಡಲು ಬಂದಾಗ ಕರೆದುಕೊಂಡು ಹೋಗಬೇಕೆಂದು ಆಸೆ. ಆದರೆ ಒಳ್ಳೆಯ ಜಾಗದ ಎರಡು ಟಿಕೆಟ್ ಎಂದರೆ ನಮ್ಮ ಮನೆಯ ಒಂದು ತಿಂಗಳ ದಿನಸಿಯ ದುಡ್ಡು. ಕಚೇರಿಯಲ್ಲಿ ಒಬ್ಬರು "ವೇಲ್ಸ್ ಏಟು ತಿನ್ನುವುದನ್ನು ನೋಡಲು ದುಡ್ಡು ಯಾಕೆ ಕೊಡುತ್ತೀ" ಎನ್ನುತ್ತಾರೆ, ಇನ್ನೊಬ್ಬರು "ಜನ್ಮದಲ್ಲಿ ಒಮ್ಮೆ ನೋಡಲೇಬೇಕು" ಎನ್ನುತ್ತಾರೆ. ಹೆಸರಾಂತ ಆಟಗಾರರು ನಿಜವಾಗಿಯೂ ಕಣಕ್ಕಿಳಿಯುತ್ತಾರೆಯೇ? ಆಟ ಒಂದೇ ಕಡೆ ವಾಲಿದರೆ ಅಪ್ಪನಿಗೆ ಬೇಸರವಾದೀತೇ? ಚಳಿ, ಮೆಟ್ಟಿಲು, ಕುಡಿದವರ ಗದ್ದಲ ಹೇಗಿರುತ್ತದೆ?

ಕಾರ್ಡಿಫ್, ವೈದ್ಯ, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು

ತಂಗಿ, 2025ರ ನವೆಂಬರ್‌ನಲ್ಲಿ ಇದೇ ಕ್ರೀಡಾಂಗಣದಲ್ಲಿ ಒಂದು ವಾರದ ಅಂತರದಲ್ಲಿ ಎರಡು ಶನಿವಾರ ಕುಳಿತಿದ್ದೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಶನಿವಾರಗಳಲ್ಲೇ ಇದೆ.

22ರಂದು ನ್ಯೂಜಿಲೆಂಡ್. ವೇಲ್ಸ್ 26–52ರಿಂದ ಸೋತಿತು. ಅಂಕ ಮಾತ್ರ ನೋಡಿದರೆ ಹೀನಾಯ ಸೋಲು. ಆದರೆ ಅಂದು ಟಾಮ್ ರಾಜರ್ಸ್ ಮೂರು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) ಹೊಡೆದ. ನ್ಯೂಜಿಲೆಂಡ್ ಎದುರು ಹಾಗೆ ಮಾಡಿದ ಮೊದಲ ವೇಲ್ಸ್ ಆಟಗಾರ ಅವನೇ. ಮೂರನೆಯದು ಬಿದ್ದಾಗ ನನ್ನ ಪಕ್ಕದಲ್ಲಿದ್ದ ಎಂಬತ್ತರ ಅಜ್ಜ, ಅದುವರೆಗೆ ಒಂದು ಮಾತೂ ಆಡದವರು, ನನ್ನ ಕೈಯನ್ನು ಹಿಡಿದು ಬಿಡಲೇ ಇಲ್ಲ. ನಾವು ಸೋಲುತ್ತಿದ್ದೆವು, ಜನ ಹಾಡುತ್ತಿದ್ದರು.

29ರಂದು ದಕ್ಷಿಣ ಆಫ್ರಿಕಾ. ಸೊನ್ನೆ–73. ತಪ್ಪು ಓದಲಿಲ್ಲ, ಸೊನ್ನೆಯೇ. ದ್ವಿತೀಯಾರ್ಧದ ನಡುವೆಯೇ ನಮ್ಮ ಸಾಲಿನಲ್ಲಿ ಜನ ಕೋಟು ಹಾಕಿಕೊಳ್ಳತೊಡಗಿದರು. ಅಂದು ಹಾಡೂ ಹುಟ್ಟಲಿಲ್ಲ.

ಎದುರಾಳಿ ವಿಶ್ವ ಚಾಂಪಿಯನ್ನರು ಎಂಬುದು ಅರ್ಧ ಕಾರಣ. ಉಳಿದರ್ಧ ಗೋಡೆಯ ಕ್ಯಾಲೆಂಡರಿನಲ್ಲಿದೆ. ದೇಶದ ತಂಡಕ್ಕಾಗಿ ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಲೇಬೇಕಾದ ವಾರಗಳನ್ನು ವಿಶ್ವ ರಗ್ಬಿ ಸಂಸ್ಥೆ ಗೊತ್ತುಮಾಡಿರುತ್ತದೆ. ಆ ಅವಧಿ ಮುಗಿದ ಮೇಲೆ ಇಟ್ಟ ಪಂದ್ಯಕ್ಕೆ ಇಂಗ್ಲೆಂಡ್, ಫ್ರಾನ್ಸ್ ಕ್ಲಬ್ಬುಗಳು ತಮ್ಮವರನ್ನು ಕಳಿಸುವುದಿಲ್ಲ. 29ರ ಪಂದ್ಯ ಅಂಥದ್ದು. ವೇಲ್ಸಿನ ಒಳ್ಳೆಯ ಆಟಗಾರರಲ್ಲಿ ಹಲವರು ಅಂದು ತಮ್ಮ ಕ್ಲಬ್ಬಿನ ಊರಿನಲ್ಲೇ ಇದ್ದರು. ಎದುರಾಳಿಗೂ ಅದೇ ಕಾರಣಕ್ಕೆ ಕೆಲವರು ಇರಲಿಲ್ಲ. ಆದರೆ ಅವರದು ತುಂಬಿದ ಕಣಜ, ನಮ್ಮದು ತಳ ಕಾಣುವ ಡಬ್ಬ. ಆದ್ದರಿಂದ ತಂಡದ ಹೆಸರು ಆಮೇಲೆ, ಮೊದಲು ತಾರೀಖು ನೋಡಿ.

ಹೆಸರಾಂತ ಆಟಗಾರರ ವಿಷಯ. ನ್ಯೂಜಿಲೆಂಡ್ ತನ್ನ ದೇಶದಲ್ಲೇ ಆಡುವವರನ್ನು ಮಾತ್ರ ಆರಿಸುವ ಪದ್ಧತಿ ಇಟ್ಟುಕೊಂಡಿದೆ. ಹಾಗಾಗಿ ಅವರ ತಂಡ ಇಡಿಯಾಗಿ ಬರುತ್ತದೆ, ಆದರೆ ಫೆಬ್ರವರಿಯಿಂದ ಆಡಿ ಆಡಿ ದಣಿದು ಬರುತ್ತದೆ. ನವೆಂಬರ್ ನಮಗೆ ಹಂಗಾಮಿನ ಆರಂಭ, ಅವರಿಗೆ ಸುಗ್ಗಿ ಮುಗಿದ ಮೇಲಿನ ದುಡಿಮೆ. ದಕ್ಷಿಣ ಆಫ್ರಿಕಾ ಜಪಾನ್, ಫ್ರಾನ್ಸ್ ಎಲ್ಲಿದ್ದರೂ ಕರೆಸಿಕೊಳ್ಳುತ್ತದೆ, ಮತ್ತು ಅವರ ತರಬೇತುದಾರ ರಾಸಿ ಎರಾಸ್ಮಸ್ ಒಂದು ವಾರದ ತಂಡವನ್ನು ಮುಂದಿನ ವಾರ ಅರ್ಧಕ್ಕಿಂತ ಹೆಚ್ಚು ಬದಲಿಸಲು ಹಿಂದೆಮುಂದೆ ನೋಡುವುದಿಲ್ಲ. ನೀವು ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಕೊಳ್ಳುತ್ತೀರಿ, ಹದಿನೈದು ಹೆಸರು ಹೊರಬೀಳುವುದು ಪಂದ್ಯಕ್ಕೆ ಎರಡು ದಿನವಿರುವಾಗ. ಒಬ್ಬನೇ ಆಟಗಾರನಿಗಾಗಿ ಟಿಕೆಟ್ ಕೊಳ್ಳಬೇಡಿ.

ಈಗ ಹೊಸದಾಗಿ ನೇಷನ್ಸ್ ಚಾಂಪಿಯನ್‌ಶಿಪ್ ಬಂದಿದೆ. ಯುರೋಪಿನ ಆರು ತಂಡ, ದಕ್ಷಿಣಾರ್ಧ ಗೋಳದ ಕಡೆಯ ಆರು ತಂಡ (ಜಪಾನನ್ನೂ ಆ ಕಡೆಗೇ ಸೇರಿಸಿದ್ದಾರೆ, ಭೂಗೋಳದ ಮೇಷ್ಟ್ರು ಕ್ಷಮಿಸಬೇಕು), ಜುಲೈಯಲ್ಲಿ ಮೂರು ಸುತ್ತು, ನವೆಂಬರ್‌ನಲ್ಲಿ ಮೂರು ಸುತ್ತು, ಕೊನೆಗೆ ಲಂಡನ್ನಿನಲ್ಲಿ ಫೈನಲ್. ಇಷ್ಟು ದಿನ "ಹುಡುಗರಿಗೆ ಅವಕಾಶ ಕೊಟ್ಟು ನೋಡೋಣ" ಎನ್ನುತ್ತಿದ್ದ ತರಬೇತುದಾರರು ಅಂಕಪಟ್ಟಿ ಬಂದ ಮೇಲೆ ಅಷ್ಟು ಧಾರಾಳವಾಗಿ ಇರಲಾರರು ಎಂದು ನನ್ನ ಊಹೆ.

ಇನ್ನು ವೇಲ್ಸ್ ಗೆಲ್ಲುವುದೇ? 1905ರಲ್ಲಿ ಮೊದಲ ಬಾರಿ ಬಂದ ನ್ಯೂಜಿಲೆಂಡ್ ತಂಡವನ್ನು ಇಡೀ ಬ್ರಿಟನ್ನಿನಲ್ಲಿ ಸೋಲಿಸಿದ್ದು ವೇಲ್ಸ್ ಒಂದೇ, ಇದೇ ಕಾರ್ಡಿಫ್‌ನಲ್ಲಿ, 3–0. ಹಾಕಾಗೆ ಉತ್ತರವಾಗಿ ಜನ ತಮ್ಮ ನಾಡಗೀತೆ ಹಾಡಿದ್ದು ಅಂದೇ. ಕೊನೆಯ ಗೆಲುವು 1953ರದು. ಕೈ ಹಿಡಿದ ಆ ಅಜ್ಜ ಅಂದು ಎಂಟು ವರ್ಷದ ಹುಡುಗನಾಗಿ ತಂದೆಯ ಹೆಗಲ ಮೇಲೆ ಕುಳಿತಿದ್ದರಂತೆ. ಪ್ರತಿ ಸಲವೂ ಬರುತ್ತಾರೆ.

ರೆಡಿಂಗ್, ಸಾಫ್ಟ್‌ವೇರ್

ಡಾಕ್ಟರು ಹೇಳಿದ್ದೆಲ್ಲ ಸರಿ, ಆದರೆ ಮೇಡಂ, ಒಂದೇ ಕಡೆಯ ಆಟದ ಭಯ ಅಷ್ಟು ಬೇಡ. 2024ರ ನವೆಂಬರ್ 2ರಂದು ಲಂಡನ್ನಿನ ಟ್ವಿಕನ್ಹ್ಯಾಮ್ ಕ್ರೀಡಾಂಗಣದಲ್ಲಿ ಇದ್ದೆ. ಇಂಗ್ಲೆಂಡ್ ಮುಂದಿತ್ತು. ಕೊನೆಯ ಐದು ನಿಮಿಷದಲ್ಲಿ ನ್ಯೂಜಿಲೆಂಡಿನ ಮಾರ್ಕ್ ಟೆಲೆಯಾ ಮೂಲೆಯಲ್ಲಿ ಟ್ರೈ ಹೊಡೆದ, ಡೇಮಿಯನ್ ಮೆಕೆಂಜಿ ಅಂಚಿನಿಂದ ಒದ್ದ ಚೆಂಡು ಒಳಗೆ ಹೋಯಿತು, 24–22. ಆಮೇಲೆ ಇಂಗ್ಲೆಂಡಿನ ಜಾರ್ಜ್ ಫೋರ್ಡ್‌ಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಕಂಬಕ್ಕೆ ಬಡಿಯಿತು. ಎಂಬತ್ತು ಸಾವಿರ ಜನ ಒಟ್ಟಿಗೆ "ಅಯ್ಯೋ" ಎಂದರೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಕೊನೆಯ ಗಳಿಗೆಯಲ್ಲಿ ಅವನೇ ಮತ್ತೊಮ್ಮೆ ಒದ್ದ, ಅದೂ ಹೊರಗೆ. ಮರುವಾರ ಅಲ್ಲೇ ಆಸ್ಟ್ರೇಲಿಯಾ ಇಂಗ್ಲೆಂಡನ್ನು 42–37ರಿಂದ ಸೋಲಿಸಿತು, ಅದೂ ಕೊನೆಯ ಕ್ಷಣದ ಟ್ರೈಯಿಂದ.

ಒಂದು ಎಚ್ಚರಿಕೆ ಇದೆ. ಇಲ್ಲಿ ಹಾಕಾ ಶುರುವಾಗುತ್ತಿದ್ದಂತೆ ಜನ ಅದರ ಮೇಲೆ ಹಾಡತೊಡಗುತ್ತಾರೆ. ನಾನು ಮೊದಲ ಸಲ ಹೋದಾಗ ಒಂದಕ್ಷರವೂ ಕೇಳಿಸಲಿಲ್ಲ, ಮನೆಗೆ ಬಂದು ಟಿವಿಯಲ್ಲಿ ಕೇಳಿದೆ. ನಿಮ್ಮ ತಂದೆ ಅದಕ್ಕಾಗಿಯೇ ಬರುವುದಾದರೆ ಮೊದಲೇ ಹೇಳಿಟ್ಟಿರಿ. ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಆಸನದಲ್ಲಿರಿ. ಹಾಕಾ ಎರಡು ನಿಮಿಷವೂ ಇರುವುದಿಲ್ಲ, ಕಾಫಿ ಸಾಲಿನಲ್ಲಿ ನಿಂತು ಕಳೆದುಕೊಂಡವರನ್ನು ಕಂಡಿದ್ದೇನೆ. ಅವರ ಪೈಕಿ ನನ್ನ ಹೆಂಡತಿಯೂ ಒಬ್ಬಳು, ಇವತ್ತಿಗೂ ಅದು ನನ್ನದೇ ತಪ್ಪು.

ಡಬ್ಲಿನ್, ನರ್ಸ್

ಅಕ್ಕಾ, ನಮ್ಮ ಐರ್ಲೆಂಡಿನ ಕಥೆ ನಿಮ್ಮದಕ್ಕೆ ತಿರುವುಮುರುವು. ಇವರು ನ್ಯೂಜಿಲೆಂಡನ್ನು ಮೊದಲ ಬಾರಿ ಸೋಲಿಸಿದ್ದು 2016ರಲ್ಲಿ, ಅದೂ ಇಲ್ಲಲ್ಲ, ಷಿಕಾಗೋದಲ್ಲಿ. ನೂರ ಹನ್ನೊಂದು ವರ್ಷ ಕಾದರು. ಒಮ್ಮೆ ರುಚಿ ಹತ್ತಿದ ಮೇಲೆ ಮತ್ತೆ ಮತ್ತೆ ಗೆದ್ದರು, 2022ರಲ್ಲಿ ಅವರ ಅಂಗಳಕ್ಕೇ ಹೋಗಿ ಸರಣಿ ಗೆದ್ದು ಬಂದರು. ಈಗ ಗೆಲುವು ಬಾಕಿ ವಸೂಲಿಯ ಹಾಗಾಗಿದೆ. 2024ರಲ್ಲಿ ಇಲ್ಲಿ 13–23ರಿಂದ ಸೋತಾಗ ವಾರ್ಡಿನಲ್ಲಿ ಸೋಮವಾರವೂ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಆಸೆ ಇಲ್ಲದೆ ಹೋದವರೇ ಹೆಚ್ಚು ಸುಖವಾಗಿ ಮನೆಗೆ ಬರುತ್ತಾರೆ ಎಂದು ನನಗೆ ಅನ್ನಿಸಿದೆ.

ಇಲ್ಲಿ ನನಗೆ ತುಂಬ ಇಷ್ಟವಾದದ್ದು ಮೌನ. ಒದೆಯುವವನು ಚೆಂಡನ್ನು ನೆಲಕ್ಕೆ ಇಟ್ಟ ಕೂಡಲೇ, ಅವನು ನಮ್ಮವನಾಗಲಿ ಎದುರಾಳಿಯಾಗಲಿ, ಜನ ಬಾಯಿ ಮುಚ್ಚುತ್ತಾರೆ. ನಾನು ಮೊದಲ ಸಲ ಹೋದಾಗ ಆ ನಿಶ್ಶಬ್ದದಲ್ಲಿ ಚೀಲದಿಂದ ಕೋಡುಬಳೆ ತೆಗೆದು ಕಡಿದೆ. ಮೂರು ಸಾಲು ಮುಂದಿನವರು ತಿರುಗಿ ನೋಡಿದರು. ಈಗೀಗ ಕೆಲವರು ಆ ಹೊತ್ತಿನಲ್ಲಿ ಕೂಗುವುದೂ ಉಂಟು, ಹಳಬರಿಗೆ ಮೈ ಉರಿಯುತ್ತದೆ.

ಇನ್ನೊಂದು. 1978ರಲ್ಲಿ ಮನ್‌ಸ್ಟರ್ ಪ್ರಾಂತ್ಯದ ತಂಡ ಲಿಮರಿಕ್‌ನಲ್ಲಿ ನ್ಯೂಜಿಲೆಂಡನ್ನು 12–0ರಿಂದ ಸೋಲಿಸಿತು. ಅಂದು ಮೈದಾನದಲ್ಲಿ ಇದ್ದದ್ದು ಹನ್ನೆರಡು ಸಾವಿರದಷ್ಟು ಜನ. "ನಾನೂ ಅಲ್ಲಿದ್ದೆ" ಎನ್ನುವ ರೋಗಿಗಳು ನನಗೊಬ್ಬಳಿಗೇ ಕಡಿಮೆಯೆಂದರೂ ಮೂವತ್ತು ಮಂದಿ ಸಿಕ್ಕಿದ್ದಾರೆ. ಆಗಿನ ಪ್ರವಾಸಿ ತಂಡಗಳು ತಿಂಗಳುಗಟ್ಟಲೆ ಇದ್ದು ಊರೂರಿನ ತಂಡಗಳ ಜೊತೆ ಆಡುತ್ತಿದ್ದವು. ಈಗ ಶನಿವಾರ ಬಂದು ಮುಂದಿನ ಶನಿವಾರ ಬೇರೆ ದೇಶ.

ಎಡಿನ್‌ಬರೊ, ವಿದ್ಯಾರ್ಥಿ

ಎಲ್ಲರೂ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎನ್ನುತ್ತಿದ್ದೀರಿ. ದುಡ್ಡು ಕಡಿಮೆ ಇರುವವನ ಮಾತು ಕೇಳಿ: ಅರ್ಜೆಂಟೀನಾ ಅಥವಾ ಫಿಜಿ ಬಂದಾಗ ಹೋಗಿ. ಸ್ಕಾಟ್ಲೆಂಡ್ ಇವತ್ತಿನವರೆಗೆ ನ್ಯೂಜಿಲೆಂಡನ್ನು ಸೋಲಿಸಿಲ್ಲ. 2025ರಲ್ಲಿ 0–17ರಿಂದ ಎದ್ದು 17–17 ಮಾಡಿದಾಗ ಇಲ್ಲಿನ ಮರ್ರೆಫೀಲ್ಡ್ ಕ್ರೀಡಾಂಗಣ ಅದುರಿತು, ಕೊನೆಗೆ 17–25. ಆ ಪಂದ್ಯಕ್ಕೆ ನನಗೆ ಟಿಕೆಟ್ ಸಿಗಲಿಲ್ಲ. ಸಿಕ್ಕಿದ್ದು ಮರುವಾರದ ಅರ್ಜೆಂಟೀನಾ ಪಂದ್ಯಕ್ಕೆ. ಸ್ಕಾಟ್ಲೆಂಡ್ 21–0ಯಿಂದ ಮುಂದಿತ್ತು, ಹಿಂದಿನ ಸಾಲಿನವರು ಆಗಲೇ ರಾತ್ರಿ ಎಲ್ಲಿ ಊಟ ಎಂದು ಚರ್ಚಿಸುತ್ತಿದ್ದರು. ಪಂದ್ಯ ಮುಗಿದಾಗ 24–33. ನಾನು ನೋಡಿದ ಅತ್ಯುತ್ತಮ ಪಂದ್ಯ. ನನ್ನ ಜೊತೆ ಬಂದಿದ್ದ ಸ್ಕಾಟಿಷ್ ಗೆಳೆಯನ ಮುಂದೆ ಮಾತ್ರ ಹೀಗೆ ಹೇಳುವಂತಿಲ್ಲ.

ಫಿಜಿಯೂ 2024ರಲ್ಲಿ ನಿಮ್ಮ ಕಾರ್ಡಿಫ್‌ನಲ್ಲೇ 24–19ರಿಂದ ಗೆದ್ದು ಹೋಯಿತಲ್ಲ! ಅವರೂ ಆಟಕ್ಕೆ ಮೊದಲು ತಮ್ಮದೇ ಯುದ್ಧನೃತ್ಯ ಮಾಡುತ್ತಾರೆ, ನಿಮ್ಮ ತಂದೆಗೆ ಆ ಕೊರತೆಯೂ ಇಲ್ಲ. ಅಂದ ಹಾಗೆ ಸ್ಕಾಟ್ಲೆಂಡ್–ಇಂಗ್ಲೆಂಡ್ ಕಾದಾಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು ಕಲ್ಕತ್ತಾದ ಕ್ಲಬ್ಬೊಂದು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ನಿಮ್ಮ ತಂದೆಗೆ ಹೇಳಿ, ಕಥೆ ಇಷ್ಟವಾಗುತ್ತದೆ.

ಆಕ್ಲೆಂಡ್, ಊರು ಶಿವಮೊಗ್ಗ

ಈ ತುದಿಯಿಂದ ಎರಡು ಮಾತು. ನಿಮಗೆ ಮಧ್ಯಾಹ್ನ 3.10 ಎಂದರೆ ನಮಗೆ ಭಾನುವಾರ ನಸುಕಿನ 4.10. ಸುಪ್ರಭಾತಕ್ಕೂ ಮೊದಲು ಎದ್ದು ಕಂಬಳಿ ಹೊದ್ದು ನೋಡುತ್ತೇವೆ. ಇಲ್ಲಿಯವರ ನಿರೀಕ್ಷೆ ಒಂದೇ: ಗೆಲ್ಲಬೇಕು, ಅದೂ ಚೆನ್ನಾಗಿ ಆಡಿ ಗೆಲ್ಲಬೇಕು. ಗೆದ್ದರೆ ಯಾರೂ ಹೊಗಳುವುದಿಲ್ಲ, ಬೀದಿದೀಪ ಉರಿದರೆ ಯಾರು ಹೊಗಳುತ್ತಾರೆ? 2025ರಲ್ಲಿ ಬ್ರಿಟನ್–ಐರ್ಲೆಂಡಿನ ನಾಲ್ಕೂ ತಂಡಗಳನ್ನು ಒಂದೇ ಪ್ರವಾಸದಲ್ಲಿ ಸೋಲಿಸುವ ಆಸೆಯಿಂದ ಹೊರಟವರು ಇಂಗ್ಲೆಂಡ್ ಎದುರು 19–33ರಿಂದ ಮುಗ್ಗರಿಸಿದರು. ಅಂದು ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಸದ್ದೂ ಇರಲಿಲ್ಲ. ಮರುವರ್ಷ ಜನವರಿಯಲ್ಲಿ ತರಬೇತುದಾರ ಸ್ಕಾಟ್ ರಾಬರ್ಟ್‌ಸನ್ ಹುದ್ದೆಯಿಂದ ಇಳಿದರು.

ತೊಡೆ ತಟ್ಟುವ ವಿಷಯ: ನಿಮ್ಮ ತಂದೆ ಹೇಳಿದ್ದು ಅರ್ಧ ನಿಜ. ಹಾಕಾ ಪಂಥಾಹ್ವಾನವೂ ಹೌದು, ಗೌರವವೂ ಹೌದು. ಮದುವೆಯಲ್ಲಿ ಮಾಡುತ್ತಾರೆ, ಸಾವಿನ ಮನೆಯಲ್ಲಿ ಮಾಡುತ್ತಾರೆ. ನನ್ನ ಮಗಳ ಶಾಲೆಯಲ್ಲಿ ಒಬ್ಬ ಶಿಕ್ಷಕಿ ನಿವೃತ್ತರಾದ ದಿನ ಮಕ್ಕಳು ಅಂಗಳದಲ್ಲಿ ನಿಂತು ಹಾಕಾ ಮಾಡಿದರು. ಆರು ವರ್ಷದ ನನ್ನ ಮಗಳು ನಾಲಿಗೆ ಚಾಚಿ, ಕಣ್ಣರಳಿಸಿ, ನೆಲ ತುಳಿದಳು. ಆ ಶಿಕ್ಷಕಿ ಅತ್ತರು, ನಾನೂ ಅತ್ತೆ. ತಂಡದ ಬಳಿ ಎರಡು ಹಾಕಾ ಇವೆ, ಹಳೆಯ "ಕಾ ಮಾಟೆ" ಮತ್ತು 2005ರಲ್ಲಿ ಬಂದ "ಕಾಪಾ ಓ ಪಾಂಗೊ". ಯಾವುದು ಎಂದು ತೀರ್ಮಾನಿಸುವುದು ಅವರೇ. ನೋಡುವಾಗ ನಗದೆ ಸುಮ್ಮನೆ ನೋಡಿದರೆ ಸಾಕು ಎಂದು ಅಪ್ಪನವರಿಗೆ ತಿಳಿಸಿ.

ನ್ಯೂಪೋರ್ಟ್

ಚುಟುಕಾಗಿ. ಮದ್ಯ ಒಯ್ಯಲು ಬಿಡದ ವಿಭಾಗದ ಟಿಕೆಟ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಬೇರೆ ಕಡೆ ಕುಳಿತರೆ ಬಿಯರ್ ತರಲು ಹೋಗುವವರಿಗೂ ಬರುವವರಿಗೂ ಎದ್ದು ನಿಂತು ದಾರಿ ಬಿಡುವುದರಲ್ಲೇ ಅರ್ಧ ಆಟ ಹೋಗುತ್ತದೆ, ನನ್ನ ಮಾವನವರ ಹೊಸ ಜರ್ಕಿನ್ ನೆನೆದದ್ದು ಮಳೆಯಿಂದಲ್ಲ. ಮರುಮಾರಾಟದ ಜಾಲತಾಣಗಳನ್ನು ನಂಬಬೇಡಿ. ಒಂದು ಕಡೆ ಕೊಂಡ ಟಿಕೆಟ್ ಗೇಟಿನಲ್ಲಿ ನಡೆಯಲಿಲ್ಲ, ದುಡ್ಡು ಇನ್ನೂ ಬಂದಿಲ್ಲ. ಪಂದ್ಯ ಬಿಟ್ಟ ಮೇಲೆ ರೈಲು ನಿಲ್ದಾಣದ ಹೊರಗೆ ಊರಿಗೊಂದು ಸಾಲು ಮಾಡಿ ನಿಲ್ಲಿಸುತ್ತಾರೆ. ನೀವು ಕಾರ್ಡಿಫ್‌ನವರೇ, ನಡೆದು ಹೋಗಿ. ಛಾವಣಿ ತೆರೆದಿದ್ದರೆ ಚಳಿ ಕೊರೆಯುತ್ತದೆ, ಮಂಕಿ ಕ್ಯಾಪ್ ತರಲು ಹೇಳಿ, ಯಾರೂ ನಗುವುದಿಲ್ಲ. ತಲೆಯ ಮೇಲೆ ಇಡೀ ಡ್ಯಾಫೊಡಿಲ್ ಹೂವಿನ ಟೊಪ್ಪಿಗೆ ಹಾಕಿದವರ ನಡುವೆ ಮಂಕಿ ಕ್ಯಾಪ್ ಯಾವ ಲೆಕ್ಕ?

ಕೇಳಿದವರು

ಎಲ್ಲರಿಗೂ ವಂದನೆ. ಡಾಕ್ಟರೇ, ಕ್ಯಾಲೆಂಡರ್ ಮಾತು ಯಾರೂ ಹೇಳಿರಲಿಲ್ಲ, ಕಚೇರಿಯ ವೇಲ್ಸ್ ಅಭಿಮಾನಿಯೂ. ನಿನ್ನೆ ರಾತ್ರಿ ನಿಮ್ಮೆಲ್ಲರ ಉತ್ತರಗಳನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. 73–0 ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೆ.ಆರ್. ಪೇಟೆಯಲ್ಲಿ ನಮಗೂ ಒಮ್ಮೆ ಹಾಗೆ ಆಗಿತ್ತು, ಊರಿಗೆ ಹಿಂದಿನ ದಾರಿಯಿಂದ ಬಂದಿದ್ದೆವು" ಎಂದರು. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಸೋಲು. ನ್ಯೂಜಿಲೆಂಡ್ ಪಂದ್ಯಕ್ಕೇ ಹೋಗೋಣ ಎಂದು ತೀರ್ಮಾನವಾಗಿದೆ. ಮದ್ಯವಿಲ್ಲದ ವಿಭಾಗದಲ್ಲಿ ಎರಡು ಜಾಗ ಕಾಣುತ್ತಿವೆ, ಒಂದು ಕೆಳಗಿನ ಹಂತದಲ್ಲಿ ಗೋಲುಕಂಬದ ಹಿಂದೆ, ಇನ್ನೊಂದು ಮೇಲೆ, ಆದರೆ ಮೈದಾನದ ನಡುವಿಗೆ ನೇರ. ಅಪ್ಪನಿಗೆ ಮಂಡಿ ನೋವು ಇದೆ. ಯಾವುದನ್ನು ಕೊಳ್ಳಲಿ? ನಾಳೆ ಸಂಜೆಯೊಳಗೆ ಹೇಳಿದರೆ ಉಪಕಾರವಾಗುತ್ತದೆ.